ಟಿವಿಯಲ್ಲಿ ಕಾಣಿಸಿಕೊಂಡ ನನ್ನ ಮೊಣಕೈ

ಒಂಬತ್ತನೇ ತರಗತಿಯಲ್ಲಿದ್ದಾಗ, ನಮ್ಮ ಮನೆಯವರು ಮಾತಾಡುವ ಕನ್ನಡ ಸರಿಯಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದೆ. ನಾವಿದ್ದದ್ದು ಹುನಗುಂದದಲ್ಲಿ. ಅಪ್ಪ ಬಸ್ ಕಂಡಕ್ಟರ್, ಅವ್ವ ಅಂಗನವಾಡಿ ಟೀಚರ್. ಇಬ್ಬರೂ ದಿನವಿಡೀ ಮಾತಾಡಿ ಮಾತಾಡಿಯೇ ಮನೆ ನಡೆಸುತ್ತಿದ್ದವರು. ಅಂಥವರ ಮಾತಿನಲ್ಲಿ ತಪ್ಪು ಹುಡುಕುವ ಅಧಿಕಾರವನ್ನು ನನಗೆ ಕೊಟ್ಟದ್ದು ದಿನಾ ಸಂಜೆ ಟಿವಿಯಲ್ಲಿ ಬರುತ್ತಿದ್ದ ಧಾರಾವಾಹಿಗಳು.

ಧಾರಾವಾಹಿಯ ಹುಡುಗಿಯರು ಯಾರೂ ‘ಅವ್ವ’ ಅನ್ನುತ್ತಿರಲಿಲ್ಲ, ‘ಐತಿ’ ಅನ್ನುತ್ತಿರಲಿಲ್ಲ. ಹಾಗನ್ನುತ್ತಿದ್ದವರು ಮನೆಗೆಲಸದವಳು ಮತ್ತು ವಾಚ್‌ಮನ್ ಮಾತ್ರ. ನನಗೆ ಇವರಿಬ್ಬರಲ್ಲಿ ಯಾರೂ ಆಗುವುದು ಬೇಕಿರಲಿಲ್ಲ. ಹಾಗಾಗಿ ಒಂದು ಸೋಮವಾರ ಊಟಕ್ಕೆ ಕೂತಾಗ ಬೆನ್ನು ನೆಟ್ಟಗೆ ಮಾಡಿ, “ಅಮ್ಮಾ, ಇವತ್ತು ಊಟಕ್ಕೆ ಏನು ಮಾಡಿದ್ದೀರಾ?” ಎಂದು ಕೇಳಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಯಾರೋ ಬಂದಿದ್ದಾರೆ ಅಂದುಕೊಂಡಳಂತೆ.

“ಯಾರನ್ನ ಕೇಳಾಕತ್ತೀಯವ್ವಾ?”

“ನಿಮ್ಮನ್ನೇ ಅಮ್ಮಾ.”

“ನಾನೇನ ನಿನ್ನ ಹೆಡ್ ಮಾಸ್ತರೇನ, ನೀವು ಅನ್ನಾಕ? ಬದನೀಕಾಯಿ ಪಲ್ಯ ಐತಿ, ಉಣ್ಣು.”

ನಾನು ಬಿಡಲಿಲ್ಲ. ಅಪ್ಪನ ಕಡೆ ತಿರುಗಿ, “ಅಪ್ಪಾ, ದಯವಿಟ್ಟು ಆ ನೀರಿನ ತಂಬಿಗೆ ಕೊಡ್ತೀರಾ?” ಎಂದೆ. ಅಪ್ಪ ತಂಬಿಗೆ ಎತ್ತಿಕೊಡುತ್ತ ಬಹಳ ಗಂಭೀರವಾಗಿ ಕೇಳಿದ: “ಯಾವೂರಿಗ್ರಿ ಮೇಡಮ್ಮಾರ? ಚಿಲ್ಲರ ಅದಾವೇನ್ರಿ?”

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಸಿಟ್ಟು ಬಂತು. ಆದರೆ ಧಾರಾವಾಹಿಯಲ್ಲಿ ಸಿಟ್ಟು ಬಂದರೆ ಕೂಗುವುದಿಲ್ಲ, ಮೆಲ್ಲಗೆ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾರೆ. ನಾನೂ ಎದ್ದು ಹಾಗೇ ನಿಂತೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯವರ ಎಮ್ಮೆ. ಅದೂ ನನ್ನನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಹಸಿವಾಗಿ ಬಂದು ಕೂತೆ.

ಮನೆಯಲ್ಲಿ ಬೆಲೆ ಸಿಗದಿದ್ದರೂ ಶಾಲೆಯಲ್ಲಿ ಸಿಕ್ಕಿತು. ಗೆಳತಿಯರು ನನ್ನನ್ನು ಮಾತಾಡಿಸಿ ಮಾತಾಡಿಸಿ ಕೇಳುತ್ತಿದ್ದರು. ಅವರು ಮೆಚ್ಚಿಕೊಂಡು ಕೇಳುತ್ತಿದ್ದಾರೆ ಎಂದೇ ನಾನು ಬಹಳ ದಿನ ನಂಬಿದ್ದೆ. ವಾರ್ಷಿಕೋತ್ಸವದ ನಿರೂಪಣೆಯೂ ನನಗೇ ಬಂತು. ನಾನು ಹಾಡಿನ ಸ್ಪರ್ಧೆಗಳ ನಿರೂಪಕಿಯರನ್ನು ನೋಡಿ ನೋಡಿ, ಮೈಕು ಹಿಡಿಯುವ ರೀತಿ, ಕೂದಲು ಹಿಂದಕ್ಕೆ ಸರಿಸುವ ರೀತಿ ಎಲ್ಲವನ್ನೂ ಕಲಿತೆ. ಕಾರ್ಯಕ್ರಮದ ಮೊದಲಿಗೆ, ಆ ವರ್ಷ ತೀರಿಕೊಂಡಿದ್ದ ಒಬ್ಬ ನಿವೃತ್ತ ಗುರುಗಳಿಗಾಗಿ ಒಂದು ನಿಮಿಷ ಮೌನ ಆಚರಿಸಬೇಕಿತ್ತು. ನನ್ನ ಬಾಯಿಗೆ ಒಂದೇ ಧಾಟಿ ರೂಢಿಯಾಗಿತ್ತು. “ಈಗ ಎಲ್ಲರೂ ಎದ್ದು ನಿಂತು, ಜೋರಾದ ಚಪ್ಪಾಳೆಯೊಂದಿಗೆ, ಮೌನಾಚರಣೆ!” ಎಂದುಬಿಟ್ಟೆ. ಹಿಂದಿನ ಸಾಲಿನ ಹುಡುಗರು ಮನಸಾರೆ ಚಪ್ಪಾಳೆ ಹೊಡೆದರು. ಒಬ್ಬ ಸಿಳ್ಳೆಯನ್ನೂ ಹಾಕಿದ. ಗುರುಗಳ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು.

ಇಷ್ಟಾದ ಮೇಲೆ ಬೇರೆ ಯಾರಾದರೂ ಮೈಕಿನಿಂದ ದೂರ ಉಳಿಯುತ್ತಿದ್ದರು. ನಾನು ಮಾತ್ರ ನನ್ನ ಪ್ರತಿಭೆಗೆ ಹುನಗುಂದ ಚಿಕ್ಕದಾಯಿತು ಎಂದುಕೊಂಡೆ.

ಮರುವರ್ಷ ಟಿವಿ ಪರದೆಯ ಕೆಳಗೆ ಅಕ್ಷರಗಳು ಓಡಿದವು. ಹದಿಹರೆಯದವರ ಅಭಿನಯ ಸ್ಪರ್ಧೆಯಂತೆ, ಬಾಗಲಕೋಟೆಯಲ್ಲೂ ಆಯ್ಕೆ ನಡೆಯುತ್ತದಂತೆ. ನಾನು ಎರಡು ದಿನ ಊಟ ಬಿಟ್ಟೆ. ಅಂದರೆ ಮನೆಯಲ್ಲಿ ಬಿಟ್ಟೆ. ಗೆಳತಿಯ ಮನೆಯಲ್ಲಿ ತಿಂದೆ. ಕೊನೆಗೆ ಅವ್ವ, “ಒಮ್ಮಿ ಹೋಗಿ ಬರೂಣು. ಆಕೀ ತಲ್ಯಾಗಿಂದ ಇದು ಹೋಗೂದಾದ್ರ ಹೋಗಲಿ” ಎಂದು ಅಪ್ಪನಿಗೆ ಹೇಳಿ ರಜೆ ಹಾಕಿದಳು.

ಬಸ್ಸು ಅಮೀನಗಡದಲ್ಲಿ ನಿಂತಾಗ ಅವ್ವ ಕರದಂಟು ಕೊಡಿಸಲು ಹೋದಳು. “ಬೇಡ ಅಮ್ಮಾ, ಗಂಟಲು ಕೆಡುತ್ತೆ” ಎಂದೆ. ಅವಳೇ ತಿಂದಳು. ಶಿರೂರು ದಾಟುವ ತನಕ ನಾನು ಕಿಟಕಿಗೆ ಮುಖ ಮಾಡಿ ಅಳುವುದನ್ನು ಅಭ್ಯಾಸ ಮಾಡಿದೆ. ಪಕ್ಕದ ಸೀಟಿನ ಅಜ್ಜಿ ಅವ್ವನನ್ನು ಕೇಳಿದಳು: “ಪಾಪ, ದವಾಖಾನಿಗೆ ಹೊಂಟೀರೇನವ್ವಾ?”

ಬಾಗಲಕೋಟೆಯ ನವನಗರದ ಕಲ್ಯಾಣ ಮಂಟಪದಲ್ಲಿ ನೂರಾರು ಮಕ್ಕಳು, ಅವರ ತಾಯಿ ತಂದೆಯರು. ನಮ್ಮ ಸರದಿ ಬರುವುದಕ್ಕೆ ಮಧ್ಯಾಹ್ನ ಮೂರಾಯಿತು. ಕಾಯುವಾಗ ಚಾನೆಲ್ಲಿನ ಹೆಂಗಸೊಬ್ಬರು ಕ್ಯಾಮೆರಾದವನೊಂದಿಗೆ ಬಂದು ಹೆತ್ತವರನ್ನು ಮಾತಾಡಿಸುತ್ತಿದ್ದರು. ಅವ್ವನ ಮುಂದೆಯೂ ಮೈಕು ಹಿಡಿದು, “ಅಮ್ಮಾ, ಮಗಳ ಬಗ್ಗೆ ನಿಮಗೇನು ಕನಸಿದೆ?” ಎಂದರು. ನಾನು ಪಕ್ಕದಲ್ಲೇ ನಿಂತು, ನನ್ನ ಎಡಭಾಗದ ಮುಖ ಚೆನ್ನಾಗಿ ಕಾಣುತ್ತದೆಂದು ಅದನ್ನೇ ತಿರುಗಿಸಿದೆ.

ಅವ್ವ ಸ್ವಲ್ಪ ಯೋಚಿಸಿ ಹೇಳಿದಳು: “ಕನಸೇನಿಲ್ಲರಿ. ಆಕಿ ಟಿವ್ಯಾಗಿನ ಮಂದೀನ ತನ್ನವರು ಅಂತ ತಿಳಕೊಂಡಾಳ್ರಿ. ನೀವರ ಆಕೀನ ಒಮ್ಮಿ ಕುಂದ್ರಿಸಿಕೊಂಡು ಮಾತಾಡಿಸಿ ಕಳಸ್ರಿ. ಮನ್ಯಾಗ ನಂಗ ಮಾತಾಡಾಕ ಯಾರೂ ಇಲ್ಲದಂಗಾಗೇತ್ರಿ.”

ಆ ಹೆಂಗಸು, “ತುಂಬಾ ಚೆನ್ನಾಗಿ ಮಾತಾಡ್ತೀರಾ ಅಮ್ಮಾ” ಎಂದು ಹೊರಟುಹೋದರು. ನನ್ನನ್ನು ಏನೂ ಕೇಳಲಿಲ್ಲ. ಅವ್ವನ ಮಾತು ನನ್ನ ಕಿವಿಗೆ ಬಿದ್ದಿತ್ತು, ಆದರೆ ಆಗ ನನಗೆ ಹೊಳೆದದ್ದು ಒಂದೇ: ಛೇ, ‘ಆಗಿದೆ’ ಅನ್ನುವ ಬದಲು ‘ಆಗೇತಿ’ ಅಂದುಬಿಟ್ಟಳಲ್ಲ.

ಒಳಗೆ ಮೂವರು ತೀರ್ಪುಗಾರರಿದ್ದರು. ನಾನು ಗಂಡನ ಮನೆಯಿಂದ ಹೊರಹಾಕಲ್ಪಟ್ಟ ಸೊಸೆಯಾಗಿ ಅತ್ತು ತೋರಿಸಿದೆ. ಕಣ್ಣೀರು ಬರಲಿಲ್ಲ, ಮೂಗು ಮಾತ್ರ ಸೋರಿತು. ನಡುವೆ ಕೂತಿದ್ದವರು ಕೈಯೆತ್ತಿ ನಿಲ್ಲಿಸಿದರು. “ಯಾವ ಊರಮ್ಮ?”

“ಹುನಗುಂದ ಸರ್.”

“ಹಾಗಾದ್ರೆ ಇದನ್ನೇ ನಿಮ್ಮ ಊರ ಭಾಷೇಲಿ ಮಾಡು ನೋಡೋಣ.”

ಹುಟ್ಟಿದಾಗಿನಿಂದ ಆಡಿದ ಭಾಷೆ. ಬಾಯಿ ತೆರೆದರೆ ಬರಬೇಕಿತ್ತು. ಆದರೆ ಆ ಮೂವರ ಮುಂದೆ ನನಗೆ ನೆನಪಾದದ್ದು ಅವ್ವನ ಮಾತಲ್ಲ, ಟಿವಿಯ ವಾಚ್‌ಮನ್ನನ ಮಾತು. ಸೊಂಟಕ್ಕೆ ಕೈಯಿಟ್ಟು, ಕಣ್ಣು ಮೇಲೆ ಮಾಡಿ, “ಯಾಕಲೇ ಮಗನಾ, ನನ್ನ ಮನಿ ಬಿಟ್ಟು ಹೊರಗ ಹಾಕ್ತೀ ಏನಲೇ!” ಎಂದು ಅರಚಿದೆ. ತೀರ್ಪುಗಾರರಲ್ಲಿದ್ದ ಹೆಂಗಸು ಮೆದುವಾಗಿ ಕೇಳಿದರು, “ನಿಮ್ಮ ಮನೇಲಿ ಹೀಗೇ ಮಾತಾಡ್ತಾರಾ?”

ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಹಾಗೆ ಮಾತಾಡಿದ್ದಿಲ್ಲ. “ಇಲ್ಲ ಮೇಡಂ” ಎಂದೆ.

“ಥ್ಯಾಂಕ್ಯೂ ಪುಟ್ಟಾ” ಎಂದರು. ಅದರ ಅರ್ಥ ಹೊರಗೆ ಹೋಗು ಅಂತ ಎಂದು ನನಗೆ ಬಾಗಿಲ ಬಳಿ ಬಂದ ಮೇಲೆ ತಿಳಿಯಿತು.

ಬರುವಾಗ ಬಸ್ಸಿನಲ್ಲಿ ನಿಜವಾದ ಅಳು ಬಂತು. ಅದನ್ನು ನೋಡಲು ತೀರ್ಪುಗಾರರು ಇರಲಿಲ್ಲ. ಅವ್ವ ತನ್ನ ಕರವಸ್ತ್ರ ಕೊಟ್ಟಳು.

ಒಂದು ತಿಂಗಳ ಮೇಲೆ, ಬಾಗಲಕೋಟೆಯ ಆಯ್ಕೆಯ ಭಾಗ ಭಾನುವಾರ ಸಂಜೆ ಬರುತ್ತದೆಂದು ಗೊತ್ತಾಯಿತು. ನಾನು ಸೋತದ್ದನ್ನು ಯಾರಿಗೂ ಹೇಳಿರಲಿಲ್ಲ. “ಸಸ್ಪೆನ್ಸ್” ಎಂದು ಹೇಳಿ ಓಡಾಡಿಕೊಂಡಿದ್ದೆ. ಓಣಿಯ ಅರ್ಧ ಮಂದಿ ನಮ್ಮ ಪಡಸಾಲೆಯಲ್ಲಿ ಸೇರಿದರು. ಅಪ್ಪ ಮಂಡಕ್ಕಿ ತರಿಸಿದ್ದ.

ಬಹಳ ಹೊತ್ತು ಬೇರೆಯವರೇ ಬಂದರು. ಆಮೇಲೆ ಇದ್ದಕ್ಕಿದ್ದಂತೆ ಅವ್ವ! ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಪರದೆಯ ತುಂಬ ಅವಳ ಮುಖ. ಓಣಿಯವರೆಲ್ಲ ಕೂಗಿದರು. “ಮನ್ಯಾಗ ನಂಗ ಮಾತಾಡಾಕ ಯಾರೂ ಇಲ್ಲದಂಗಾಗೇತ್ರಿ” ಎಂದು ಅವಳು ಹೇಳುತ್ತಿದ್ದಂತೆ, ಹಿಂದಿನಿಂದ ಒಂದು ‘ಟುಂಯ್’ ಸದ್ದು ಬಂತು. ಅದರ ಬೆನ್ನಿಗೇ ನೂರು ಜನ ನಕ್ಕ ಹಾಗೆ ನಗು. ಆ ಮಂಟಪದಲ್ಲಿ ಒಬ್ಬರೂ ನಕ್ಕಿರಲಿಲ್ಲ. ಆದರೆ ಟಿವಿ ನಕ್ಕಿತು, ನಮ್ಮ ಪಡಸಾಲೆಯೂ ನಕ್ಕಿತು. ಹೇಳಲು ನಾಚಿಕೆಯಾಗುತ್ತದೆ, ರೂಢಿಯ ಬಲದಿಂದ ನಾನೂ ನಕ್ಕೆ.

ನಾನೆಲ್ಲಿ? ಅವ್ವನ ಬಲಕ್ಕೆ, ಪರದೆಯ ಅಂಚಿನಲ್ಲಿ, ಗುಲಾಬಿ ಚೂಡಿದಾರದ ಒಂದು ಮೊಣಕೈ. ಎಡಭಾಗದ ಮುಖವನ್ನು ಅಷ್ಟು ಕಷ್ಟಪಟ್ಟು ತಿರುಗಿಸಿದ್ದೆಲ್ಲ ವ್ಯರ್ಥವಾಗಿತ್ತು. ಟಿವಿಯಲ್ಲಿ ನನ್ನ ಬದುಕು ಅಷ್ಟೇ.

ಎಲ್ಲರೂ ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದಳು. ನನ್ನ ಕಡೆ ನೋಡದೆ ಕೇಳಿದಳು, “ನಾ ಏನರ ತಪ್ಪ ಮಾತಾಡಿದ್ನೇನ? ಎಲ್ಲಾರೂ ಯಾಕ ನಕ್ರು?”

ಹೇಳಬೇಕಾದದ್ದು ಎಷ್ಟೋ ಇತ್ತು. ಬಾಯಿಂದ ಬಂದದ್ದು ಮಾತ್ರ, “ಇಲ್ಲಮ್ಮಾ, ಹಾಗೇನಿಲ್ಲ. ನೀವು ತುಂಬಾ ಚೆನ್ನಾಗಿ ಮಾತಾಡಿದ್ರಿ.” ಆ ಚಾನೆಲ್ ಹೆಂಗಸಿನ ಮಾತು, ಅವರದೇ ಧಾಟಿ. ಅವ್ವ ತಲೆಯಾಡಿಸಿ ಇನ್ನೊಂದು ಕಪ್ಪು ತೆಗೆದುಕೊಂಡಳು.

ಮರುದಿನದಿಂದ ಮೊದಲಿನಂತೆ ಮಾತಾಡಬೇಕೆಂದು ಹೊರಟೆ. ಅದು ಟಿವಿ ಕನ್ನಡ ಕಲಿತದ್ದಕ್ಕಿಂತ ಕಷ್ಟವಾಯಿತು. ‘ಅವ್ವ’ ಎನ್ನಲು ಹೋದರೆ ನಾಟಕದಂತೆ ಕೇಳಿಸುತ್ತಿತ್ತು. ನಾಲ್ಕನೆಯ ಸಂಜೆ, ಧಾರಾವಾಹಿಯ ಹೊತ್ತಿಗೆ, ಅವ್ವ ರೊಟ್ಟಿ ಬಡಿಯುವಲ್ಲಿ ಹೋಗಿ ಕೂತು, “ಇವತ್ತ ಅಂಗನವಾಡ್ಯಾಗ ಏನಾತು?” ಎಂದೆ. ಅವ್ವ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಶುರುಮಾಡಿದಳು: ಒಂದು ಕೂಸು ಮೂಗಿನಲ್ಲಿ ಕಡಲೆಕಾಳು ಹಾಕಿಕೊಂಡದ್ದು, ಅದನ್ನು ತೆಗೆಯಲು ಮೂವರು ಹಿಡಿದದ್ದು, ತೆಗೆದ ಮೇಲೆ ಅದು ಇನ್ನೊಂದು ಹಾಕಿಕೊಂಡದ್ದು. ಹನ್ನೆರಡು ರೊಟ್ಟಿ ಮುಗಿದರೂ ಮಾತು ಮುಗಿಯಲಿಲ್ಲ. ನಾನು ಎರಡು ಸಲ ‘ವಾವ್’ ಎಂದದ್ದನ್ನು ಅವಳು ದೊಡ್ಡ ಮನಸ್ಸು ಮಾಡಿ ಕೇಳಿಸದವಳಂತೆ ಬಿಟ್ಟುಬಿಟ್ಟಳು.

ಈಗ ನಾನು ಬಾದಾಮಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ಹೋದ ವರ್ಷ ಮಕ್ಕಳನ್ನು ಮಹಾಕೂಟಕ್ಕೆ ಕರೆದುಕೊಂಡು ಹೋಗಿದ್ದೆವು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪುಷ್ಕರಣಿಯ ಮೆಟ್ಟಿಲ ಮೇಲೆ ಅವರಕ್ಕನ ಫೋನು ಹಿಡಿದು, “ಹಾಯ್ ಗಾಯ್ಸ್” ಎಂದು ರೀಲ್ಸ್ ಮಾಡುತ್ತಿದ್ದಳು. ನಾನು ಅನುಭವಸ್ಥಳ ಮುಖ ಮಾಡಿಕೊಂಡು ಬುದ್ಧಿ ಹೇಳಲು ಹೋದೆ. ಅವಳು ಹೆದರಲಿಲ್ಲ.

“ಮೇಡಂ, ನೀವ ಇದ್ನ ಹೇಳ್ರಿ. ನಾ ತಗೀತೇನಿ” ಎಂದು ಫೋನನ್ನು ನನ್ನ ಕಡೆ ತಿರುಗಿಸಿದಳು.

ನಾನು ಸೆರಗು ಸರಿಮಾಡಿಕೊಂಡೆ. ಬಿಸಿಲಿಗೆ ಕಣ್ಣು ಕಿರಿದಾಗದಂತೆ ನಿಂತು, ಫೋನಿನಿಂದ ಹದಿಹರೆಯದ ಮನಸ್ಸಿಗೆ ಆಗುವ ಹಾನಿಯ ಬಗ್ಗೆ ಆರು ನಿಮಿಷ ಮಾತಾಡಿದೆ. ಅವಳು ಅದನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ, ನನಗೇ ತಂದು ತೋರಿಸಿ, “ಹಾಕ್ಲ್ಯಾ ಮೇಡಂ?” ಎಂದು ಕೇಳಿದಳು.

“ನಗೂ ಸೌಂಡ್ ಹಾಕಬ್ಯಾಡ” ಎಂದೆ.

“ಏ, ನಾ ಯಾಕ ಹಾಕ್ಲಿರಿ? ನೀವು ಖರೇನ ಹೇಳೀರಲ್ಲ” ಎಂದು ಅವಳು ಬೇಜಾರು ಮಾಡಿಕೊಂಡಳು.

ಅಂದು ಸಂಜೆ ಎಷ್ಟು ಜನ ನೋಡಿದರೆಂದು ತಿಳಿಯಲು ನಾನು ಫೋನು ತೆಗೆದದ್ದಕ್ಕೆ ಲೆಕ್ಕವಿಲ್ಲ. ನೋಡಿದವರು ಬಹಳ ಕಡಿಮೆ. ಅವರಲ್ಲಿ ಒಬ್ಬಳು ಹುನಗುಂದದಿಂದ ಫೋನು ಮಾಡಿದಳು.

“ಚಲೋ ಹೇಳೀದಿ” ಎಂದಳು ಅವ್ವ. “ಆದ್ರ ಭಾಳ ಸೊರಗಿ ಕಾಣಸಾಕತ್ತಿ. ಮಧ್ಯಾಹ್ನ ಬುತ್ತಿ ಉಂಡಿದ್ದ್ಯೋ ಇಲ್ಲೋ?”