ಉಂಡು ಹೋಗು ಅಂದಿದ್ದೆ

ಮಾಲೀಶಿಗೆ ಹೋಗುವಾಗ ಹೊಟ್ಟೆ ಖಾಲಿ ಇರಬೇಕು. ಉಂಡು ಮೂರು ಗಂಟೆಯಾದರೂ ಆಗಿರಬೇಕು. ಎಲ್ಲಿ ನೋವು, ಎಷ್ಟು ದಿನದ ನೋವು ಅಂತ ಮೊದಲೇ ಬಾಯಿ ಬಿಟ್ಟು ಹೇಳಬೇಕು. ಒತ್ತುವಾಗ ಮೈ ಬಿಗಿ ಹಿಡಿಯಬಾರದು, ಉಸಿರು ಬಿಡಬೇಕು. ಮಾರನೇ ದಿನ ಯಾರೋ ಹಿಡಿದು ಬಡಿದ ಹಾಗೆ ಮೈ ನೋಯುತ್ತದೆ. ಹೆದರಬಾರದು, ಅವತ್ತು ಓಡಲೂಬಾರದು. ಮೂರನೇ ದಿನಕ್ಕೆ ಕಾಲು ತಾನಾಗಿ ಹಗುರಾಗುತ್ತದೆ. ರಾಂಪುರದಲ್ಲಿ ಪಿ.ಟಿ. ಟೀಚರ್ ಆಗಿ ಸೇರಿದಾಗಿನಿಂದ ಆಟದ ಹುಡುಗಿಯರಿಗೆ ಇದನ್ನೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಅದಕ್ಕೂ ಎಷ್ಟೋ ಮುಂಚೆ ಒಬ್ಬಳಿಗೆ ಮಾತ್ರ ಉಲ್ಟಾ ಹೇಳಿದ್ದೆ. ಬೇಕಂತಲೇ ಹೇಳಿದ್ದೆ. ಗೊತ್ತಿಲ್ಲದೆ ಹೇಳಿದೆ ಅಂತ ಈಗ ಬರೆದರೆ ಕೇಳುವವರು ಯಾರೂ ಇಲ್ಲ. ಆದರೆ ಈ ವಿಷಯದಲ್ಲಿ ನಾನು ಹೇಳಿದ ಸುಳ್ಳು ಸಾಕು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ದೊಡ್ಡ ಮಾತಾಯಿತು, ಖೋಖೋ ಆಡುತ್ತಿದ್ದೆ. ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಮನೆಯಲ್ಲಿ ಅವ್ವ, ಬಾಣಂತನಕ್ಕೆ ಬಂದಿದ್ದ ಅಕ್ಕ, ಹಗಲು ರಾತ್ರಿ ಕಿರುಚುವ ಅವಳ ಕೂಸು. ತಂಡದಲ್ಲಿ ನನ್ನನ್ನು ಬಿಟ್ಟರೆ ಇನ್ಯಾರೂ ಇಲ್ಲ ಅಂತ ಎರಡು ವರ್ಷ ಮೆರೆದಿದ್ದೆ. ಅಷ್ಟರಲ್ಲಿ ಕೊಂಡ್ಲಹಳ್ಳಿಯಿಂದ ಅವಳು ಬಂದಳು.

ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಕಡ್ಡಿಯಂಥ ಮೈ, ಬರಿಗಾಲು. ಮೊದಲ ದಿನ ನೋಡಿ ನಾವೆಲ್ಲ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕೆವು. ಎರಡನೇ ದಿನ ನಗಲಿಲ್ಲ. ಅವಳು ಓಡಿದರೆ ಕೈಗೆ ಸಿಗುತ್ತಿರಲಿಲ್ಲ, ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಸೋತು ಏದುಸಿರು ಬಿಡುತ್ತ ಕೂತ ನನ್ನ ಪಕ್ಕಕ್ಕೆ ಬಂದು, "ಅಕ್ಕಾ, ನೀರು ಕುಡೀತೀಯಾ?" ಅನ್ನುತ್ತಿದ್ದಳು. ಆ ಒಳ್ಳೆಯತನ ಕಂಡರೇ ನನಗೆ ಮೈ ಉರಿಯುತ್ತಿತ್ತು.

ಅವಳಿಗೆ ಅಪ್ಪ ಇರಲಿಲ್ಲ. ಅಣ್ಣನೇ ಸಾಕಿದವನು. ಹೆಣ್ಣುಮಗಳನ್ನು ಹಾಸ್ಟೆಲಿಗೆ ಕಳಿಸುತ್ತೀಯಾ ಅಂತ ಆಡಿಕೊಂಡವರ ಎದುರು ನಿಂತು ಕಳಿಸಿದ್ದ. ಬಿಟ್ಟು ಹೋಗುವಾಗ ಒಂದೇ ಮಾತು ಹೇಳಿದ್ದನಂತೆ: "ಎಷ್ಟು ಬೇಕಾದ್ರೂ ಓದು, ಎಷ್ಟು ಬೇಕಾದ್ರೂ ಆಡು. ನಿನ್ನ ಮೇಲೆ ಒಂದು ಮಾತು ಮಾತ್ರ ನಮ್ಮೂರಿಗೆ ಬರಬಾರ್ದು." ಇದನ್ನು ಅವಳೇ ನನಗೆ ಹೇಳಿದ್ದಳು, ಹೆಮ್ಮೆಯಿಂದ. ಅಣ್ಣ ಅಂದರೆ ಅವಳಿಗೆ ದೇವರು.

ಆ ವರ್ಷ ಯೂನಿವರ್ಸಿಟಿ ತಂಡದ ಆಯ್ಕೆ ಶಿವಮೊಗ್ಗದಲ್ಲಿ ಅಂತ ಗೊತ್ತಾಯಿತು. ಆ ತಂಡದಲ್ಲಿ ಆಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಬಿ.ಪಿ.ಎಡ್ ಸೀಟು ಸಿಗುತ್ತದೆ, ಸೀಟು ಸಿಕ್ಕರೆ ಕೆಲಸ, ಕೆಲಸ ಸಿಕ್ಕರೆ ಯಾರೋ ತೋರಿಸಿದವನಿಗೆ ಕೊರಳು ಕೊಡುವುದು ತಪ್ಪುತ್ತದೆ. ನಮ್ಮಿಬ್ಬರಿಗೂ ಇದ್ದ ದಾರಿ ಅದೊಂದೇ. ಪಿ.ಟಿ. ಮೇಷ್ಟ್ರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, "ನಮ್ಮ ಕಾಲೇಜಿಂದ ಒಬ್ಬಳನ್ನೇ ಕಳಿಸೋದು. ಶನಿವಾರ ಇಬ್ರೂ ಆಡಿ ತೋರಿಸ್ರಿ," ಅಂದರು. ಹಿಂದೆಯೇ, "ಕಾಲು ಕಲ್ಲಾಗ್ಯಾವೆ ನಿಮ್ಮವು. ಮಾಲೀಶ್ ಮಾಡಿಸ್ಕೊಳ್ರಿ," ಅಂತಲೂ ಸೇರಿಸಿದರು. ಹುಡುಗರಿಗೇನು, ಗರಡಿಮನೆಯ ಉಸ್ತಾದ್ ಇದ್ದ. ಹೆಣ್ಣುಮಕ್ಕಳ ತೊಡೆ ತಿಕ್ಕುವವರು ಯಾರು ಅಂತ ಮೇಷ್ಟ್ರು ಹೇಳಲಿಲ್ಲ, ನಾವು ಕೇಳಲಿಲ್ಲ.

ದಾರಿ ಹುಡುಕಿದ್ದು ನಾನು. ಅಕ್ಕನಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದಳು. ಮೊಳಕಾಲ್ಮೂರು ಕಡೆಯವಳು, ಅರ್ಧ ತೆಲುಗು, ಅರ್ಧ ಕನ್ನಡ. ಅವಳ ಕೈ ಬಿದ್ದರೆ ಅಕ್ಕ ಗೋಡೆ ಹಾರುವ ಹಾಗೆ ಕೂಗಿಕೊಂಡು ಆಮೇಲೆ ಕೂಸಿನ ಹಾಗೆ ಮಲಗುತ್ತಿದ್ದಳು. ಅದನ್ನು ಕಂಡು, ಮಂಗಳವಾರ ಯಾರಿಗೂ ಹೇಳದೆ ಆ ಅಜ್ಜಿಯ ಮನೆಗೇ ಹೋದೆ.

"ಏಮ್ಮಾ, ಏನೂ ತಿಂದ್ಕಂಡು ಬಂದಿಲ್ಲ ತಾನೆ?" ಅಂದಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲಜ್ಜಿ."

"ಸರಿಹೋಯ್ತು. ಉಂಡ ಹೊಟ್ಟೆ ಮೇಲೆ ನನ್ನ ಕೈ ಬಿದ್ರೆ ಉಂಡಿದ್ದೆಲ್ಲ ಬಾಯಿಗೆ ಬರ್ತೈತೆ."

"ಹೊಟ್ಟೆ ಯಾಕಜ್ಜಿ? ನೋವು ಇರೋದು ತೊಡೆಯಾಗೆ."

"ನನ್ನ ಕೈಗೆ ಗೊತ್ತಿರೋ ದಾರಿ ಅದೊಂದೇ. ಊರ್ಕೋ!"

ಸುಮ್ಮನಿರು ಅಂತ ಅದರ ಅರ್ಥ. ಐವತ್ತು ವರ್ಷ ಬಾಣಂತಿಯರ ಮೈಯನ್ನೇ ನೋಡಿದ ಕೈ ಅದು. ಮೊದಲು ಹೊಟ್ಟೆ, ಆಮೇಲೆ ಸೊಂಟ, ಆಮೇಲೇ ಕಾಲು. ಬಿಸಿ ಹರಳೆಣ್ಣೆ ಸುರಿದು ಹೊಕ್ಕಳ ಸುತ್ತ ಮುಷ್ಟಿ ಇಟ್ಟು ಒತ್ತಿದಳು ನೋಡಿ, ಕರುಳು ಬೆನ್ನಿಗೆ ಅಂಟಿತು. ತೊಡೆಯ ಹಿಂಭಾಗಕ್ಕೆ ಬಂದಾಗ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವಳು ಮೊಣಕೈ ಊರುವುದನ್ನು ಬಿಡಲಿಲ್ಲ. ಕೊನೆಗೆ ಕುದಿಯುವ ನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಹಳೆಯ ಸೀರೆಯ ತುಂಡಿನಿಂದ ಹೊಟ್ಟೆ ಬಿಗಿದು ಕಟ್ಟಿದಳು. ಬಾಣಂತಿಗೆ ಮಾಡುವುದೆಲ್ಲ ಒಂದೂ ಬಿಡದೆ ನನಗೂ ಆಯಿತು. ನಾಚಿಕೆಯಾಗಿ, ಹಿತ್ತಲಲ್ಲೇ ಆ ಕಟ್ಟು ಬಿಚ್ಚಿ, ಹಿಂದಿನ ಓಣಿಯಿಂದ ಮನೆಗೆ ಬಂದೆ. ಗುರುವಾರ ಓಡಿದರೆ, ಕಾಲು ನನ್ನವೇ ಅಲ್ಲವೇನೋ ಅನ್ನುವಷ್ಟು ಹಗುರ.

ಕೊಂಡ್ಲಹಳ್ಳಿಯವಳ ಕಣ್ಣಿಗೆ ಅದು ಬಿತ್ತು. ಅವಳದೂ ಬಲತೊಡೆ ಹಿಡಿದುಕೊಂಡಿತ್ತು. "ಅಕ್ಕಾ, ಏನು ಮಾಡಿದೆ? ನನಗೂ ಹೇಳಕ್ಕಾ," ಅಂತ ಕೈ ಹಿಡಿದುಕೊಂಡಳು. ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ತಲೆಯಲ್ಲಿ ಬೇರೆ ಲೆಕ್ಕ ಹಾಕಿದ್ದೆ: ಹೊಟ್ಟೆ ತುಂಬ ಉಂಡು ಹೋಗಲಿ, ವಾಂತಿ ಮಾಡಿಕೊಂಡು ಎರಡು ದಿನ ಮೇಲೇಳದಿರಲಿ, ಶನಿವಾರ ಕಳೆಯಲಿ. ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನಾನು ಬಯಸಿರಲಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಿಂದ ಏನೂ ಪ್ರಯೋಜನವಾಗಿಲ್ಲ.

ಅವತ್ತೇ ಮಧ್ಯಾಹ್ನ ಮನೆಗೆ ಕರೆದುಕೊಂಡು ಬಂದೆ. ಅವ್ವನಿಗೆ ಹೇಳಿ ಎರಡು ಮುದ್ದೆ, ಕಾಳಿನ ಸಾರು, ಮೇಲೆ ಅನ್ನ ಮಜ್ಜಿಗೆ ಬಡಿಸಿದೆ. ಹಾಸ್ಟೆಲಿನ ನೀರು ಸಾರು ಉಂಡು ಉಂಡು ಬೇಸತ್ತವಳು, ಬಡಿಸಿದ್ದನ್ನೆಲ್ಲ ಉಂಡಳು. "ಉಂಡು ಹೋಗು, ಶಕ್ತಿ ಬೇಕು," ಅಂದೆ. "ಅಜ್ಜಿ ಕೇಳ್ತಾಳೆ, ಏನೂ ತಿಂದಿಲ್ಲ ಅನ್ನು. ಅದೊಂದು ಅವಳ ಶಾಸ್ತ್ರ. ತಿಂದೀನಿ ಅಂದ್ರೆ ನಾಳೆ ಬಾ ಅಂತಾಳೆ."

"ತಿಂದ್ರೆ ಏನೂ ಆಗಲ್ವಾ?"

"ಏನಾಗ್ತೈತೆ? ನಾನೂ ಉಂಡೇ ಹೋಗಿದ್ದೆ ಕಣೇ."

ಅಜ್ಜಿಯ ಮನೆ ಬಾಗಿಲವರೆಗೂ ನಾನೇ ಬಿಟ್ಟು, ಎದುರಿನ ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳು ಕೂಗಿಕೊಂಡಿದ್ದು ಕೇಳಿತು, ಆಮೇಲೆ ಓಕರಿಸುವ ಸದ್ದು, ಅದರ ಮೇಲೆ ಅಜ್ಜಿಯ ಬೈಗುಳ. ನನಗೆ ನಗು. ಹೌದು, ನಕ್ಕೆ. ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕೆ.

ನಾಲ್ಕು ಗಂಟೆಗೆ ಬೀದಿ ನಲ್ಲಿಗೆ ನೀರು ಬಿಟ್ಟರು. ಕೊಡ ಹಿಡಿದು ಐದಾರು ಹೆಂಗಸರು ಸೇರಿದರು. ಸರಿಯಾಗಿ ಆಗಲೇ ಅವಳು ಮುಂಬಾಗಿಲಿನಿಂದ ಹೊರಗೆ ಬಂದಳು. ಹಿಂದಿನ ಓಣಿ ಇದೆ ಅಂತ ಅವಳಿಗೆ ಯಾರು ಹೇಳಬೇಕಿತ್ತು? ನಾನು ಹೇಳಿರಲಿಲ್ಲ. ಒದ್ದೆ ಕೂದಲಿಗೆ ಬಟ್ಟೆ ಸುತ್ತಿತ್ತು, ಸಾಂಬ್ರಾಣಿ ವಾಸನೆ ಬೀದಿಗೆಲ್ಲ ಬರುತ್ತಿತ್ತು, ಹೊಟ್ಟೆಗೆ ಕಟ್ಟಿದ ಸೀರೆಯ ತುಂಡು ಲಂಗದ ಮೇಲೆ ಎದ್ದು ಕಾಣುತ್ತಿತ್ತು. ಮುಖ ಬಿಳಚಿಕೊಂಡಿತ್ತು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಇಟ್ಟು, ಚರಂಡಿಯ ಪಕ್ಕ ಕೂತು ಮತ್ತೆ ವಾಂತಿ ಮಾಡಿದಳು.

ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ಎತ್ತಲಿಲ್ಲ. "ಕಾಲೇಜು ಹುಡುಗಿ ಅಲ್ವೇನೆ ಇವಳು? ಕೊರಳಾಗೆ ತಾಳಿ ಇಲ್ಲ," ಅಂದಳು ಒಬ್ಬಳು. "ಹೊಟ್ಟೆ ಕಟ್ಟ್ಯಾರೆ ನೋಡು. ಶಿವ ಶಿವಾ!" ಅಂದಳು ಇನ್ನೊಬ್ಬಳು. ಮೂರನೆಯವಳು ನನ್ನ ಕಡೆ ತಿರುಗಿ, "ನಿನ್ನ ಜೊತೆಯವಳಲ್ವೇನವ್ವ? ಏನಾಗೈತೆ ಇವಳಿಗೆ?" ಅಂತ ನೇರವಾಗಿ ಕೇಳಿದಳು.

ತೊಡೆ ಹಿಡಿದುಕೊಂಡಿತ್ತು, ಮಾಲೀಶಿಗೆ ಬಂದಿದ್ದಳು ಅಂದಿದ್ದರೆ ಮುಗಿಯುತ್ತಿತ್ತು. ನಗು ತಡೆದುಕೊಳ್ಳುತ್ತ, "ನನಗೇನು ಗೊತ್ತಕ್ಕಾ, ಅವಳನ್ನೇ ಕೇಳ್ರಿ," ಅಂದೆ. ಅವಳನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದ ಆ ಹೆಂಗಸಿನ ತವರು ಕೊಂಡ್ಲಹಳ್ಳಿ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಶುಕ್ರವಾರವಿಡೀ ಅವಳು ಹಾಸ್ಟೆಲಿನಲ್ಲಿ ಮಲಗಿದ್ದಳು. ನಾನು ಖುಷಿಯಾಗಿದ್ದೆ. ಶನಿವಾರ ಬಂದಳು ನೋಡಿ. ಅಜ್ಜಿಯ ಕೈ ಸುಳ್ಳಾಗಲಿಲ್ಲ. ಹಾಗೆ ಓಡಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಕಂಬದ ಹತ್ತಿರ ನೆಲಕ್ಕೆ ಬಿದ್ದು ನನ್ನ ಹಿಮ್ಮಡಿ ಮುಟ್ಟಿದಳು, ಒಂದು ಸಲ ಅಲ್ಲ, ಮೂರು ಸಲ. ಮೇಷ್ಟ್ರು ಅಲ್ಲೇ ಅವಳ ಹೆಸರು ಬರೆದುಕೊಂಡರು. ಅವಳು ಓಡಿಬಂದು ನನ್ನನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವತ್ತು ಬರಲಿಲ್ಲ. ದೂರದಿಂದಲೇ ಒಂದು ಸಲ ನೋಡಿದಳು.

ಭಾನುವಾರ ಬೆಳಿಗ್ಗೆ ಅವಳ ಅಣ್ಣ ಅವಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ಬೀದಿಯ ಗುಸುಗುಸು ಅವ್ವನ ಕಿವಿಗೆ ಆಗಲೇ ಬಿದ್ದಿತ್ತು, ನನ್ನ ಬಾಯಿಂದ ಎಲ್ಲವನ್ನೂ ಕಕ್ಕಿಸಿದ್ದಳು. ಕಿಟಕಿಯಿಂದ ಅವರನ್ನು ನೋಡಿದ ಕೂಡಲೇ ನನ್ನ ರಟ್ಟೆ ಹಿಂಡಿ, "ನೀನೂ ಅಲ್ಲಿಗೆ ಹೋಗಿದ್ದೆ ಅಂತ ಗೊತ್ತಾದ್ರೆ ನಿನ್ನ ಗತೀನೂ ಅಷ್ಟೇ. ಬಾಯಿ ಬಿಟ್ರೆ ಸಿಗಿದು ಹಾಕ್ತೀನಿ," ಅಂದಳು. ಅವ್ವನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಅವಳು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಶಿವಮೊಗ್ಗಕ್ಕೆ ಹೋಗುವವಳ ಹೆಸರು ಇನ್ನೂ ಬದಲಾಗಬಹುದಿತ್ತು.

ಅಣ್ಣ ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತ. ಅಳುತ್ತಿರಲಿಲ್ಲ, ಆದರೆ ಅತ್ತ ಮುಖ ಅದು. ಅವಳು ಅವನ ಹಿಂದೆ ಗೇಟು ಹಿಡಿದು ನಿಂತಿದ್ದಳು.

"ತಂಗೀ," ಅಂದ, "ಕಾಲು ನೋವಿಗೆ ಮಾಲೀಶ್ ಮಾಡಿಸ್ಕಂಡೆ ಅಂತಾಳೆ ಇವಳು. ನೀನೇ ಕರ್ಕಂಡು ಹೋಗಿದ್ದಂತೆ, ನೀನೂ ಮಾಡಿಸ್ಕಂಡಿದ್ದಂತೆ. ಆ ಮುದುಕೀನ ಕೇಳಿದ್ರೆ ಅವಳು ಇನ್ನೇನಂತಾಳೆ, ಹೌದು ಅಂತಾಳೆ. ಅದನ್ನ ಯಾರು ನಂಬ್ತಾರೆ? ನೀನು ಒಂದು ಮಾತು ಹೇಳವ್ವ. ನಿಜ ಅಂತ ಒಂದೇ ಒಂದು ಮಾತು. ಊರೋರ ಬಾಯಿಗೆ ನಾನು ಮಣ್ಣು ಹಾಕ್ತೀನಿ."

"ನನಗೇನೂ ಗೊತ್ತಿಲ್ಲಣ್ಣ," ಅಂದೆ. "ನಾನ್ಯಾವತ್ತೂ ಆ ಮನೆಗೆ ಹೋಗಿಲ್ಲ."

ಅವಳು ಕೂಗಾಡಲಿಲ್ಲ, ನನ್ನ ಜಡೆ ಹಿಡಿಯಲಿಲ್ಲ. ಹಿಡಿದಿದ್ದರೆ ಚೆನ್ನಾಗಿತ್ತು. "ನಡಿ ಅಣ್ಣಾ," ಅಂದಳು. ಅವನು ಅವ್ವನಿಗೆ ಕೈ ಮುಗಿದು ತಿರುಗಿ ಹೊರಟ. ಅವಳು ಹಿಂದೆ ಬರುತ್ತಿದ್ದಾಳೋ ಇಲ್ಲವೋ ಅಂತ ಒಂದು ಸಲವೂ ನೋಡಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವಳ ಮದುವೆಯಾಯಿತು. ರಾಯದುರ್ಗದ ಕಡೆಯವನು, ಎರಡನೇ ಸಂಬಂಧ, ಮೊದಲ ಹೆಂಡತಿಯ ಎರಡು ಮಕ್ಕಳು. ನಾನು ಶಿವಮೊಗ್ಗಕ್ಕೆ ಹೋದೆ. ಪಾಪ ಮಾಡಿದವರ ಕಾಲು ಸರಿಯಾದ ಹೊತ್ತಿಗೆ ಉಳುಕುತ್ತದೆ ಅಂತ ನೀವು ಕಾಯುತ್ತಿದ್ದರೆ, ಹಾಗೇನೂ ಆಗಲಿಲ್ಲ. ಚೆನ್ನಾಗಿ ಆಡಿದೆ. ತಂಡಕ್ಕೆ ಸೇರಿದೆ, ಸೀಟು ಸಿಕ್ಕಿತು, ಕೆಲಸ ಸಿಕ್ಕಿತು. ರಾಂಪುರದಿಂದ ಚಳ್ಳಕೆರೆಗೆ ಹೋಗುವಾಗ ಕೊಂಡ್ಲಹಳ್ಳಿಯ ತಿರುವು ಬಂದರೆ ಮಾತ್ರ ಕಣ್ಣು ಮುಚ್ಚಿ ನಿದ್ದೆಯ ನಾಟಕ ಮಾಡುತ್ತಿದ್ದೆ. ಹತ್ತು ವರ್ಷ ಹೀಗೆ ಕಳೆದೆ. ಇಳಿದು ಹೋಗಿ ಆ ಅಣ್ಣನಿಗೆ ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆಗ ನನಗೆ ಕೆಲಸ ಇತ್ತು, ಗಂಡ ಇದ್ದ, ಯಾರಿಗೂ ನನ್ನ ಕೂದಲೂ ಕೊಂಕಿಸಲು ಆಗುತ್ತಿರಲಿಲ್ಲ. ಆದರೂ ಇಳಿಯಲಿಲ್ಲ.

ಒಂದು ಮಧ್ಯಾಹ್ನ ರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳು ಕೂತಿದ್ದಳು. ಪಕ್ಕದಲ್ಲಿ ಒಂದು ಚೀಲ. ಮೈ ತುಂಬಿತ್ತು, ಕೂದಲು ಮುಂದೆ ನೆರೆತಿತ್ತು. ಅವಳೇ ಮೊದಲು ಗುರುತು ಹಿಡಿದಳು. "ಟೀಚರ್ ಆದೆಯಂತೆ," ಅಂದಳು.

ಅಷ್ಟು ಅಂದಿದ್ದೇ ತಡ, ನಾನು ಎಲ್ಲವನ್ನೂ ಸುರಿದುಬಿಟ್ಟೆ. ಮುದ್ದೆ ಬಡಿಸಿದ್ದು ಬೇಕಂತಲೇ, ಉಂಡೇ ಹೋಗಿದ್ದೆ ಅಂದಿದ್ದು ಸುಳ್ಳು, ಜಗಲಿಯ ಮೇಲೆ ಕೂತು ನಕ್ಕಿದ್ದು, ಎಲ್ಲ. ಅಳುತ್ತ ಹೇಳಿದೆ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತಿದೆ ಅಂತಲೂ ಅನ್ನಿಸಿತು, ನಾಚಿಕೆಗೆಟ್ಟವಳಿಗೆ.

"ಗೊತ್ತು," ಅಂದಳು. "ಅವತ್ತೇ ಗೊತ್ತಾತು. ನಾನು ವಾಂತಿ ಮಾಡ್ತಿದ್ರೆ ಅಜ್ಜಿ ಬೈದ್ಲು, ನಿನ್ನ ಗೆಳತಿ ಹಸ್ಕಂಡು ಬಂದಿದ್ಲು, ನೀನ್ಯಾಕೆ ತಿಂದ್ಕಂಡು ಬಂದೆ ಅಂತ."

"ಮತ್ತೆ ನಿಮ್ಮಣ್ಣನಿಗೆ ಯಾಕೆ ಹೇಳಲಿಲ್ಲ?"

"ಹೇಳ್ದೆ. ದಾರಿಯುದ್ದಕ್ಕೂ ಹೇಳ್ದೆ. ಅವನು ನಿನ್ನ ಮಾತು ನಂಬಿದ. ಓದಿದ ಹುಡುಗಿ, ಒಳ್ಳೆ ಮನೆತನ, ಅವಳಿಗೆ ಸುಳ್ಳು ಹೇಳೋ ಅಗತ್ಯ ಏನೈತೆ ಅಂದ."

ಅವಳ ಕೈ ಹಿಡಿದುಕೊಂಡೆ. "ಈಗಲೇ ನಿಮ್ಮೂರಿಗೆ ಬರ್ತೀನಿ. ಅವರ ಕಾಲು ಹಿಡಿದು ಹೇಳ್ತೀನಿ. ಏಳೇ, ಹೋಗೋಣ."

ಅವಳು ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ. ರಾಯದುರ್ಗದ ಬಸ್ಸು ಬಂದು ನಿಂತಿತ್ತು, ಚೀಲ ಎತ್ತಿಕೊಳ್ಳಬೇಕಿತ್ತು.

"ಅಲ್ಲಿಂದಲೇ ಬರ್ತಿದೀನಿ," ಅಂದಳು. "ಅವನ ಕಾರ್ಯ ನಿನ್ನೆ ಮುಗೀತು. ಕೊನೇ ಮೂರು ದಿನ ಪಕ್ಕದಾಗೇ ಕೂತಿದ್ದೆ. ನನ್ನ ಕೈಯಿಂದ ಒಂದು ಗುಟುಕು ನೀರು ಕುಡೀಲಿಲ್ಲ."