ತೂಕದ ಮಷೀನು ಮತ್ತು ಅಕ್ಕನ ಉಯ್ಯಾಲೆ

ಗ್ರೀಸಿನ ವಾಸನೆ ನಿಮಗೆ ಹೇಗೋ ನನಗೆ ಗೊತ್ತಿಲ್ಲ. ನನ್ನ ಮೂಗಿಗೆ ಅದು ಬಡಿದ ಕೂಡಲೇ ನಗು ಬರುತ್ತದೆ. ಇವತ್ತು ಬೆಳಿಗ್ಗೆ ಉಯ್ಯಾಲೆಯ ಸರಪಳಿಗೆ ಗ್ರೀಸ್ ಹಚ್ಚುತ್ತಾ ಒಬ್ಬನೇ ನಗುತ್ತಿದ್ದೆ. ವಾಕಿಂಗಿಗೆ ಬರುವ ನಿವೃತ್ತ ಮಾಸ್ಟ್ರೊಬ್ಬರು ತಮ್ಮ ಸುತ್ತು ನಿಲ್ಲಿಸಿ, "ಏನು ಮಾರಾಯ, ಬೆಳಿಗ್ಗೆ ಬೆಳಿಗ್ಗೆಯೇ?" ಎಂದು ನನ್ನ ಬಾಯಿಯ ಹತ್ತಿರಕ್ಕೆ ಮೂಗು ತಂದು ನೋಡಿದರು. "ಗ್ರೀಸ್ ಸಾರ್, ಗ್ರೀಸ್" ಎಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ನಾನು ಬಿ.ಸಿ.ರೋಡ್ ಎಂಬ ಊರಿನ ಒಂದು ಪಾರ್ಕ್ ನೋಡಿಕೊಳ್ಳುವವನು. ಗೇಟು ತೆಗೆಯುವುದು, ಗಿಡಕ್ಕೆ ನೀರು ಬಿಡುವುದು, ಹುಲ್ಲು ಕತ್ತರಿಸುವುದು, ಬೆಂಚಿನ ಮೇಲೆ ಮಲಗಿದವರನ್ನು "ಅಣ್ಣ, ನಿಮ್ಮ ಬಸ್ಸು ಹೋಯಿತು" ಎಂದು ಎಬ್ಬಿಸುವುದು, ಇವೆಲ್ಲ ನನ್ನ ಕೆಲಸ. ಮೊದಲು ಇಲ್ಲಿ ಲಾರಿ ನಿಲ್ಲಿಸುತ್ತಿದ್ದರು. ಊರು ಬೆಳೆಯಿತು, ಸುತ್ತ ಫ್ಲಾಟುಗಳು ಎದ್ದವು, ಮಕ್ಕಳಿಗೆ ಓಡಲು ಜಾಗ ಇಲ್ಲ ಎಂದು ಯಾರಿಗೋ ತಡವಾಗಿ ಹೊಳೆಯಿತು. ಈಗ ಇಂಟರ್‌ಲಾಕ್ ಹಾಕಿದ ದಾರಿ ಉಂಟು, ಸೊಳ್ಳೆಗಳಿಗೆ ಬಿಟ್ಟುಕೊಟ್ಟ ಒಂದು ಕಾರಂಜಿ ಉಂಟು, ವ್ಯಾಯಾಮದ ಕಬ್ಬಿಣದ ಸಾಮಾನುಗಳು ಉಂಟು. ಮಳೆಗಾಲದಲ್ಲಿ ಜನ ಆ ಸಾಮಾನುಗಳ ಮೇಲೆ ಕೊಡೆ ಒಣಗಿಸುತ್ತಾರೆ. ನಾನು ಏನೂ ಹೇಳುವುದಿಲ್ಲ. ನನ್ನ ಕೊಡೆಯೂ ಅಲ್ಲೇ ಇರುತ್ತದೆ.

ಇವೆಲ್ಲದರ ನಡುವೆ, ಉಯ್ಯಾಲೆಯ ಪಕ್ಕದಲ್ಲೇ, ತೂಕ ನೋಡುವ ಒಂದು ದೊಡ್ಡ ಮಷೀನು ಉಂಟು. ಪಾರ್ಕಿನಲ್ಲಿ ತೂಕದ ಮಷೀನು ಯಾಕೆ ಎಂದು ನೀವು ಕೇಳಬೇಕು. ಎಲ್ಲರೂ ಕೇಳುತ್ತಾರೆ. ಇಷ್ಟು ದಿವಸ ಯಾರಿಗೂ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ, ಯಾಕೆಂದರೆ ಅದು ಬಂದದ್ದು ನನ್ನ ಬಾಯಿಯಿಂದ.

ನಮ್ಮ ಮಾತು ತುಳು. ತುಳುವಿನಲ್ಲಿ 'ತೂಕ' ಎಂದರೆ 'ನೋಡುವ'. ಬಹಳ ಒಳ್ಳೆಯ ಶಬ್ದ. ಇಲ್ಲ ಎಂದು ಹೇಳಿ ಯಾರ ಮುಖ ಕೆಡಿಸಬೇಕಾಗಿಲ್ಲ, ಹೌದು ಎಂದು ಹೇಳಿ ಮೈ ದಣಿಸಬೇಕಾಗಿಯೂ ಇಲ್ಲ. ಮದುವೆಗೆ ಬರ್ತೀಯಾ? ತೂಕ. ಮಾಡಿನ ಹಂಚು ಸರಿ ಮಾಡ್ತೀಯಾ? ತೂಕ. ಈ ಒಂದು ಶಬ್ದದ ಮೇಲೆ ನಾನು ಅರ್ಧ ಆಯುಷ್ಯ ಆರಾಮವಾಗಿ ಕಳೆದಿದ್ದೇನೆ. ನನ್ನ ಹೆಂಡತಿ ಹೇಳುವ ಪ್ರಕಾರ, ನಮ್ಮ ಮದುವೆಯ ದಿವಸ ಒಪ್ಪಿಗೆ ಉಂಟಾ ಎಂದು ಕೇಳಿದಾಗಲೂ ನಾನು ಅದನ್ನೇ ಹೇಳಿದೆನಂತೆ. ಅದು ಸುಳ್ಳು. ಹೇಳಿದ್ದು ನಿಶ್ಚಿತಾರ್ಥದ ದಿವಸ.

ಆದರೆ ನಾನು ಅತಿ ಹೆಚ್ಚು ಸಲ ತೂಕ ಎಂದದ್ದು ನನ್ನ ಅಕ್ಕನಿಗೆ.

ಅಕ್ಕ ಇರುವುದು ನರಿಕೊಂಬಿನಲ್ಲಿ, ನನ್ನ ಮನೆಯ ಒತ್ತಿನಲ್ಲೇ. ಬೀಡಿ ಕಟ್ಟಿ ಬದುಕಿದವಳು. ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟೆ, ಅವಳು ಮೂರನೆಯದಕ್ಕೆ ಬಿಟ್ಟಳು. ಅವಳು ಬಿಟ್ಟದ್ದು ನಾನು ಓದಲಿ ಎಂದು. ನಾನು ಬಿಟ್ಟದ್ದು ನನಗೆ ಗಣಿತ ಬಾರದೆ. ಹಿತ್ತಿಲಿನ ಗೇರುಮರಕ್ಕೆ ಅಪ್ಪ ಹಗ್ಗದ ಉಯ್ಯಾಲೆ ಕಟ್ಟಿದ್ದರು. ಅದರಲ್ಲಿ ಕೂರುವವನು ಯಾವಾಗಲೂ ನಾನು. ಅಕ್ಕ ತೊಡೆಯ ಮೇಲೆ ಎಲೆ, ತಂಬಾಕಿನ ಗೆರಸೆ ಇಟ್ಟುಕೊಂಡು ಮರದ ಬುಡದಲ್ಲಿ ಕೂತು ಬೀಡಿ ಕಟ್ಟುವಳು, ನಡುನಡುವೆ ಎದ್ದು ನನ್ನ ಬೆನ್ನಿಗೊಂದು ದೂಡು ಕೊಟ್ಟು ಮತ್ತೆ ಕೂರುವಳು. ಕಟ್ಟಿದ ಬೀಡಿ ಒಪ್ಪಿಸಲು ಸಂಜೆ ಕಂಪೆನಿಯ ಬ್ರಾಂಚಿಗೆ ಓಡಬೇಕು. ಬಂದ ಮೇಲೆ ಕತ್ತಲೆ. ಅವಳ ಸರದಿ ಎಂಬುದು ಆ ಉಯ್ಯಾಲೆಯಲ್ಲಿ ಬರಲೇ ಇಲ್ಲ. ಮರವನ್ನು ಕಡಿದ ದಿವಸ ಅಕ್ಕ, "ಛೆ, ಒಮ್ಮೆ ಕೂತು ನೋಡಬೇಕು ಅಂತಿತ್ತು" ಎಂದಷ್ಟೇ ಹೇಳಿದಳು. ನಾನು ಮರದ ಗೇರುಬೀಜ ಹೆಕ್ಕುತ್ತಿದ್ದೆ.

ಪಾರ್ಕ್ ಆಗುತ್ತದೆ ಎಂಬ ಸುದ್ದಿ ಬಂದಾಗ ಆ ಜಾಗದ ಪೊದೆ ಕಡಿಯುವ ಕೆಲಸ ನನಗೆ ಸಿಕ್ಕಿತ್ತು. ಅಕ್ಕ ಒಂದು ದಿವಸ ಬೀಡಿಯ ಎಲೆ ಕತ್ತರಿಸುತ್ತಾ, ಮುಖ ಎತ್ತದೆಯೇ ಕೇಳಿದಳು.

"ಅಲ್ಲಿ ಉಯ್ಯಾಲೆ ಉಂಟಾ?"

"ಇರಬಹುದು."

"ದೊಡ್ಡವರು ಕೂರುವಂಥದ್ದು?"

"ಯಾರಿಗೆ?"

"ಯಾರಿಗಾದರೂ ಆಗಲಿ. ದೊಡ್ಡವರಿಗೆ ಆಸೆ ಇರುವುದಿಲ್ಲವಾ? ನಿನಗೆ ಪಾರ್ಕ್ ಮಾಡುವವರ ಗುರ್ತ ಉಂಟಲ್ಲ, ಹೇಳು."

"ತೂಕ ಅಕ್ಕ" ಎಂದೆ.

ಸ್ವಲ್ಪ ದಿವಸದಲ್ಲಿ ಹೆಂಗಸರ ಮೀಟಿಂಗ್ ಇಟ್ಟರು. ಪಾರ್ಕಿನ ನಕ್ಷೆ ಮಾಡಲು ಗದಗದ ಕಡೆಯ ಒಬ್ಬ ಮೇಡಂ ಬಂದಿದ್ದರು. ಒಳ್ಳೆಯ ಹುರುಪಿನ ಹೆಂಗಸು. ಆ ಕಡೆಯ ಕನ್ನಡ ಕೇಳಿ ನಮ್ಮವರು ತುಟಿಗೆ ಸೆರಗು ಹಿಡಿದರು. ಭಾಷೆಗೆ ಬೇಕಾದರೆ ಇರಲಿ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿದ್ದರು. ಆರನೆಯ ಕ್ಲಾಸಿನವನಿಗೆ ಕುರ್ಚಿ, ಎದುರಿಗೆ ನೀರಿನ ಬಾಟ್ಲಿ. ನಾನು ಗಂಭೀರವಾಗಿ ಕೂತೆ.

"ಹೇಳ್ರಿ ಅಕ್ಕಾರ, ನಾಚ್ಕೋಬ್ಯಾಡ್ರಿ. ವಾಕಿಂಗ್ ದಾರಿ ಮಾಡಿದ್ರ ಬರ್ತೀರೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ತೂಕ" ಎಂದರು.

"ಹುಲ್ಲಿನ್ಯಾಗ ಕುಂದ್ರಾಕ ಜಾಗ ಮಾಡೋಣೇನು?"

"ತೂಕ, ತೂಕ."

ಮೇಡಂ ಹುಬ್ಬೇರಿಸಿ ಬರೆದುಕೊಂಡರು. ನನಗೆ ಅನುಮಾನ ಬರಬೇಕಿತ್ತು. ಆದರೆ ನಾನು ಬಾಟ್ಲಿಯ ಮುಚ್ಚಳ ತಿರುಗಿಸುವುದರಲ್ಲಿ ಮಗ್ನನಾಗಿದ್ದೆ. ಅಷ್ಟರಲ್ಲಿ ಮೈಕು ಅಕ್ಕನ ಕೈಗೆ ಬಂತು. ಅವಳು ಮೈಕನ್ನು ಬೀಡಿಯ ಕಟ್ಟು ಹಿಡಿದ ಹಾಗೆ ಬಿಗಿಯಾಗಿ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಹೇಳು ಮಾರಾಯ, ಎನ್ನುವ ಕಣ್ಣು. ಇಷ್ಟು ಜನರ ಎದುರು, ಕೂದಲು ಬೆಳ್ಳಗಾದ ನನ್ನ ಅಕ್ಕನಿಗೆ ಉಯ್ಯಾಲೆ ಬೇಕಂತೆ ಎಂದು ಹೇಗೆ ಹೇಳುವುದು? ನಗುವುದಿಲ್ಲವಾ? ನಾನು ಬಗ್ಗಿ, "ತೂಕ ಅಕ್ಕ, ತೂಕ" ಎಂದು ಪಿಸುಗುಟ್ಟಿದೆ. ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು.

ಮೇಡಂ ಪೆನ್ನು ಎತ್ತಿ ಹಿಡಿದರು. "ಎಲ್ಲಾರೂ ತೂಕ ತೂಕ ಅನ್ನಾಕತ್ತೀರಿ. ತೂಕ ನೋಡ್ಕೊಳ್ಳೋ ಮಷೀನ್ ಬೇಕೇನ್ರಿ?"

ಅಲ್ಲ ಎನ್ನಬೇಕಾದರೆ ಪೂರಾ ಕಥೆ ಹೇಳಬೇಕು. "ಹೌದು ಮೇಡಂ" ಎಂದುಬಿಟ್ಟೆ.

"ಭಾಳ ಚಲೋ! ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ನಾ ಎಲ್ಲೂ ನೋಡಿಲ್ಲ ನೋಡ್ರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ, "ಮಷೀನಾ?" ಎಂದು ಒಂದೇ ಶಬ್ದ ಕೇಳಿದಳು.

ಪಾರ್ಕ್ ಆಯಿತು, ಮಷೀನು ಬಂತು. ಮಕ್ಕಳಿಗೆಂದು ಒಂದು ಉಯ್ಯಾಲೆಯೂ ಬಂತು. ಕಬ್ಬಿಣದ ಕಂಬ, ದಪ್ಪ ಸರಪಳಿ, ಅಗಲದ ಹಲಗೆ. ಮೊದಲ ವಾರವೇ ಧರ್ಮಸ್ಥಳದ ಬಸ್ಸು ಕಾಯುತ್ತಿದ್ದ ಇಬ್ಬರು ಗಟ್ಟಿ ಆಳುಗಳು ಒಟ್ಟಿಗೆ ಕೂತು ಹಲಗೆ ಬಿರುಕು ಬಿಡಿಸಿದರು. ಹೊಸ ಹಲಗೆ ಹಾಕಿಸಿ, 'ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ' ಎಂದು ನಾನೇ ಪೈಂಟರನ ಹತ್ತಿರ ಬೋರ್ಡು ಬರೆಸಿ ತಗಲಿಸಿದೆ. ನನ್ನ ಜನ್ಮದಲ್ಲಿ ನಾನು ಬರೆಸಿದ ಒಂದೇ ಕಾನೂನು ಅದು. ಆಮೇಲೆ ಅಕ್ಕ ಬಂದಳು. ಸರಪಳಿ ಹಿಡಿದು, ಬೋರ್ಡು ಓದಿ, "ಒಮ್ಮೆ ಕೂರಲಾ?" ಎಂದು ಕೇಳಿದಳು. ಸುತ್ತ ಜನ ಇದ್ದರು. ನಾನು ಏನು ಹೇಳಿದೆ ಎಂದು ನೀವೇ ಊಹಿಸಿ.

ಇಷ್ಟೇ ಆಗಿದ್ದರೆ ನನ್ನನ್ನು ಅಂಜುಬುರುಕ ಎಂದು ಬಿಟ್ಟುಬಿಡಬಹುದಿತ್ತು. ಹೇಳಲು ನಾಚಿಕೆಯಾಗುವ ಸಂಗತಿ ಇನ್ನು ಮುಂದೆ ಉಂಟು.

ಪಾರ್ಕಿಗೆ ಮಧ್ಯಾಹ್ನ ಗೇಟು ಹಾಕುತ್ತೇವೆ, ಸಂಜೆ ತೆಗೆಯುತ್ತೇವೆ. ನಡುವಿನ ಹೊತ್ತು ಒಳಗೆ ನಾನು ಒಬ್ಬನೇ. ಒಂದು ದಿವಸ ಗ್ರೀಸ್ ಹಚ್ಚಿ, ಸರಿಯಾಗಿ ಹಿಡಿಯಿತಾ ಎಂದು ನೋಡಲು ಉಯ್ಯಾಲೆಯಲ್ಲಿ ಕೂತೆ. ಸ್ವಲ್ಪ ಜೀಕಿದೆ. ಇನ್ನೂ ಸ್ವಲ್ಪ. ಮೇಲೆ ಹೋದಾಗ ಫ್ಲಾಟುಗಳ ಸಂದಿನಲ್ಲಿ ನೇತ್ರಾವತಿಯ ನೀರು ಫಳಕ್ಕನೆ ಕಾಣುತ್ತದೆ, ಕೆಳಗೆ ಬಂದರೆ ಮಾಯ! ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಗಿ ಬಾಯಿಂದ "ಹೋಯ್" ಎಂದು ಹೊರಟಿತು. ಅಲ್ಲಿಂದ ಅದೇ ಅಭ್ಯಾಸ. ಲುಂಗಿ ಎತ್ತಿ ಕಟ್ಟಿ, ಊಟಕ್ಕೆ ಮೊದಲು ಒಂದು ಸುತ್ತು, ಊಟದ ನಂತರ ಒಂದು ಸುತ್ತು. ಬೆಳಿಗ್ಗೆ ದೊಡ್ಡವರನ್ನು ಬೋರ್ಡು ತೋರಿಸಿ ಎಬ್ಬಿಸುವುದು, ಮಧ್ಯಾಹ್ನ ಅದೇ ಬೋರ್ಡಿನ ಕೆಳಗೆ ನಾನೇ ಹಾರಾಡುವುದು. ಅಕ್ಕನನ್ನು ಕರೆಯಬಹುದಿತ್ತು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಪ್ರತಿ ಸಲ ಹೊಳೆ ಕಂಡಾಗ ಅವಳ ನೆನಪು ಬರುತ್ತಿತ್ತು, ನಾಳೆ ಕರೆಯುವ ಎಂದುಕೊಳ್ಳುತ್ತಿದ್ದೆ, ಕೆಳಗೆ ಬರುವಾಗ ಮರೆಯುತ್ತಿದ್ದೆ. ಅಥವಾ ಮರೆತ ಹಾಗೆ ಮಾಡುತ್ತಿದ್ದೆ. ನಿಜ ಹೇಳಬೇಕಾದರೆ, ಅವಳು ಬಂದರೆ ನನ್ನ ಸರದಿ ಕಡಿಮೆಯಾಗುತ್ತಿತ್ತು.

ಎರಡು ಮಳೆಗಾಲ ಹೀಗೇ ಕಳೆಯಿತು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಾನು ಗೇಟಿಗೆ ಬೀಗ ಹಾಕಲು ಸೋಮಾರಿತನ ಮಾಡಿ ಚಿಲಕ ಮಾತ್ರ ಹಾಕಿದ್ದೆ. ಅಂದು ಅಕ್ಕನಿಗೆ ಒಳ್ಳೆಯ ಬಂಗುಡೆ ಮೀನು ಸಿಕ್ಕಿತ್ತಂತೆ. ತಮ್ಮ ಬಿಸಿಬಿಸಿ ಉಣ್ಣಲಿ ಎಂದು ಬುತ್ತಿ ಕಟ್ಟಿಕೊಂಡು ಬಿಸಿಲಿನಲ್ಲಿ ನಡೆದೇ ಬಂದಿದ್ದಳು. ನಾನು ಆಗ ಆಕಾಶದಲ್ಲಿದ್ದೆ. ಕೆಳಗೆ ಬರುವಾಗ ಎದುರಿನಲ್ಲಿ ಅಕ್ಕ. ಗಾಬರಿಯಾಯಿತು, ಆದರೆ ಉಯ್ಯಾಲೆಗೆ ಬ್ರೇಕ್ ಇಲ್ಲವಲ್ಲ! ಮೇಲೆ ಹೋದರೆ ಹೊಳೆ, ಕೆಳಗೆ ಬಂದರೆ ಅಕ್ಕ. ಹೊಳೆ, ಅಕ್ಕ, ಹೊಳೆ, ಅಕ್ಕ. ಕಾಲು ನೆಲಕ್ಕೆ ಉಜ್ಜಿ ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ ಆಗಿ ನಿಂತೆ.

ಅಕ್ಕ ಬೋರ್ಡು ನೋಡಿದಳು, ನನ್ನನ್ನು ನೋಡಿದಳು. "ನಿನಗೆ ಇನ್ನೂ ಹನ್ನೆರಡು ಆಗಲಿಲ್ಲವಾ ಮಾರಾಯ?"

"ಗ್ರೀಸ್ ಹಿಡಿದಿದೆಯಾ ಅಂತ ನೋಡ್ತಿದ್ದೆ ಅಕ್ಕ."

"ಎಷ್ಟು ದಿವಸದಿಂದ ನೋಡ್ತಿದ್ದಿ?"

ನಾನು ಚಪ್ಪಲಿ ಹುಡುಕತೊಡಗಿದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬುತ್ತಿಯನ್ನು ತೂಕದ ಮಷೀನಿನ ಮೇಲೆ ಇಟ್ಟಳು. ಮುಳ್ಳು ಸ್ವಲ್ಪ ಅಲುಗಿತು. "ದೂರ ನಿಲ್ಲು" ಎಂದು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೇಳದೆಯೇ ಹಲಗೆಯ ಮೇಲೆ ಕೂತಳು. ಜೀಕುವುದು ಹೇಗೆ ಎಂದು ಅವಳ ಕಾಲಿಗೆ ಗೊತ್ತಿರಲಿಲ್ಲ. ಸರಪಳಿ ಗಟ್ಟಿಯಾಗಿ ಹಿಡಿದುಕೊಂಡು, "ದೂಡು" ಎಂದಳು.

ಅಲ್ಲಿಯವರೆಗೆ ನಾನು ಅವಳನ್ನು ದೂಡಿದವನಲ್ಲ. ಬೆನ್ನಿಗೆ ಕೈ ಇಟ್ಟೆ. ಸೀರೆಯ ಅಡಿಯಲ್ಲಿ ಬರೀ ಮೂಳೆ. ಹಗ್ಗದ ಮೇಲೆ ಒಣಗಿದ ಬಟ್ಟೆಯನ್ನು ಸರಿಸಿದಷ್ಟೇ ಬಲ ಸಾಕಾಯಿತು. ಅಕ್ಕ ಇಷ್ಟು ಹಗುರ ಇದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಎರಡನೆಯ ದೂಡು ಕೊಟ್ಟೆ. ಅವಳ ಗಂಟಲು ಬಿಟ್ಟಿತು.

"ಹೋಯ್!" ಎಂದು ಕೂಗಿದಳು. "ಹೊಳೆ ಕಾಣ್ತದೆ ಮಾರಾಯ! ಹೇಳಲೇ ಇಲ್ಲವಲ್ಲ ಕಳ್ಳ! ಇನ್ನೂ ಜೋರು!"

"ಏನ್ರೀ ಇದು!" ಎಂದು ಹಿಂದಿನಿಂದ ಕೇಳಿತು.

ಗದಗದ ಮೇಡಂ. ಸಾಮಾನುಗಳೆಲ್ಲ ಗಟ್ಟಿ ಉಂಟಾ ಎಂದು ನೋಡಲು ಬಂದಿದ್ದರು. ನೀವು ನನ್ನ ಜಾಗದಲ್ಲಿ ನಿಂತು ನೋಡಿ. ಮುಚ್ಚಿದ ಪಾರ್ಕ್, ಲುಂಗಿ ಎತ್ತಿದ ಕಾವಲುಗಾರ, ಬಂಗುಡೆಯ ಪರಿಮಳ, ಮಕ್ಕಳ ಉಯ್ಯಾಲೆಯಲ್ಲಿ ಕಿರುಚುತ್ತಿರುವ ಅಜ್ಜಿ. ಕೆಲಸ ಹೋಯಿತು ಎಂದುಕೊಂಡೆ. ಬಾಯಿಗೆ ಆ ಶಬ್ದವೇ ಬಂತು. ಹೇಳಿದರೆ ಇನ್ನೊಂದು ಮಷೀನು ಬಂದೀತು ಎಂಬ ಭಯಕ್ಕೆ ನುಂಗಿಕೊಂಡೆ.

"ಮೇಡಂ, ಇವಳು ನನ್ನ ಅಕ್ಕ. ಅವತ್ತು ಮೀಟಿಂಗಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಉಯ್ಯಾಲೆ. ಹೇಳಬೇಕಿದ್ದವನು ನಾನು, ಹೇಳಲಿಲ್ಲ. ನಮ್ಮಲ್ಲಿ ತೂಕ ಅಂದರೆ ನೋಡುವ ಅಂತ."

ಮೇಡಂ ಮಷೀನು ನೋಡಿದರು. ಮತ್ತೆ ನನ್ನನ್ನು ನೋಡಿದರು. "ನೋಡೋಣ ಅಂತ?"

"ಹೌದು."

"ಎಲ್ಲಾರೂ ಹೇಳಿದ್ದು ನೋಡೋಣ ಅಂತ?"

"ಹೌದು ಮೇಡಂ."

ಅವರು ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಅಯ್ಯ ನನ್ ಶಿವನ! ಕರಾವಳಿ ಹೆಣ್ಮಕ್ಕಳಿಗೆ ತೂಕದ್ದ ಚಿಂತಿ ಅಂತ ಬೆಳ್ತಂಗಡಿಗೂ ಒಂದು ಹಾಕ್ಸೀನ್ರೀ, ಮೂಡುಬಿದಿರೆಗೂ ಒಂದು ಹಾಕ್ಸೀನಿ!" ಎಂದರು. ಉಯ್ಯಾಲೆಯ ಮೇಲಿಂದ ಅಕ್ಕ, "ಅಲ್ಲಿಯೂ ತೂಕ ಅಂದಿರಬೇಕು" ಎಂದಳು. ಇಬ್ಬರೂ ಮತ್ತೆ ನಗಲು ಶುರುಮಾಡಿದರು. ಆಮೇಲೆ ಮೇಡಂ ಎದ್ದು ಸರಪಳಿ ಎಳೆದು ನೋಡಿ, ನನ್ನ ಬೋರ್ಡಿನ ಕಡೆ ಕೈ ತೋರಿಸಿದರು. "ಇದನ್ಯಾರು ಬರ್ಸಿದ್ರು? ಸರಪಳಿಗೆ ವಯಸ್ಸು ತಿಳಿಯಂಗಿಲ್ರೀ. ತೂಕ ತಿಳೀತೈತಿ."

ಬೋರ್ಡು ಬದಲಾಯಿತು. ಈಗ 'ಅರವತ್ತು ಕಿಲೋದೊಳಗಿನವರು ಯಾರು ಬೇಕಾದರೂ ಕೂರಬಹುದು' ಎಂದು ಉಂಟು. ಆ ಮಷೀನಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು. ಸಂಜೆ ಬ್ರಾಂಚಿಗೆ ಬೀಡಿ ಕೊಟ್ಟು ಬರುವ ಹೆಂಗಸರು ಚಪ್ಪಲಿ ಕಳಚಿ, ಕೈಚೀಲ ಕೆಳಗಿಟ್ಟು, ಉಸಿರು ಬಿಗಿಹಿಡಿದು ಮಷೀನು ಹತ್ತುತ್ತಾರೆ. ಉಸಿರು ಹಿಡಿದರೆ ತೂಕ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಮುಳ್ಳು ಓದುವವಳು ಅಕ್ಕ. "ಪಾಸ್!" ಎಂದು ಕೂಗುತ್ತಾಳೆ. ದಾಟಿದವರಿಗೆ, "ನಾಳೆ ಕಡಲೆಬೇಳೆ ಪಾಯಸ ಬಿಟ್ಟು ಬನ್ನಿ" ಎನ್ನುತ್ತಾಳೆ. ಅವಳು ಹತ್ತಿದರೆ ಮುಳ್ಳು ನಲವತ್ತರ ಈಚೆಗೇ ನಿಲ್ಲುತ್ತದೆ. ಅದು ಅವಳಿಗೆ ಹೆಮ್ಮೆ. ನಾನು ಆಗ ಗಿಡಕ್ಕೆ ನೀರು ಬಿಡುವ ನೆಪದಲ್ಲಿ ಆಚೆ ತಿರುಗುತ್ತೇನೆ.

ನನ್ನ ವಿಷಯ ಹೇಳಲು ಮರೆತೆ. ಹೊಸ ಬೋರ್ಡು ಬಂದ ದಿವಸ ಅಕ್ಕ ಎಲ್ಲರ ಎದುರು ನನ್ನನ್ನೂ ಮಷೀನಿಗೆ ಹತ್ತಿಸಿದಳು. ಮುಳ್ಳು ಎಂಬತ್ತು ದಾಟಿ ಹೋಯಿತು. "ಫೇಲ್!" ಎಂದು ಕೂಗಿದಳು. ಆರನೆಯ ಕ್ಲಾಸಿನ ನಂತರ ನಾನು ಫೇಲಾದದ್ದು ಆಗಲೇ. ಹಾಗಾಗಿ ಆ ಹೊಳೆ ನನಗೆ ಈಗ ಕಾಣುವುದಿಲ್ಲ. ಅಕ್ಕನೇ ನೋಡಿ ಹೇಳಬೇಕು. ನೀರು ಇಳಿದಿದೆ, ದೋಣಿ ಉಂಟು, ಬೆಳ್ಳಕ್ಕಿ ಕೂತಿದೆ ಎಂದು ಮೇಲಿನಿಂದ ಹೇಳುತ್ತಾಳೆ. ಅರ್ಧ ಸುಳ್ಳು ಎಂದು ನನಗೆ ಗೊತ್ತು. ಅಷ್ಟೆಲ್ಲ ಕಾಣುವಷ್ಟು ಹೊತ್ತು ಉಯ್ಯಾಲೆ ಮೇಲೆ ನಿಲ್ಲುವುದಿಲ್ಲ.

ಮಾಸ್ಟ್ರು ಇನ್ನೊಂದು ಸುತ್ತು ಮುಗಿಸಿ ಮತ್ತೆ ಅನುಮಾನದಿಂದ ನೋಡುತ್ತಾ ಹೋದರು. ಗೇಟಿನ ಸದ್ದಾಯಿತು. ಅಕ್ಕ ಬೇಗ ಬಂದಿದ್ದಾಳೆ, ಬ್ರಾಂಚಿಗೆ ಇವತ್ತು ರಜೆಯಂತೆ. ಸೆರಗು ಸಿಕ್ಕಿಸಿ ಕೂತು, ಸರಪಳಿಯ ಗ್ರೀಸು ಅಂಗೈಗೆ ಹತ್ತಿದ್ದಕ್ಕೆ ನನ್ನ ಅಂಗಿಗೆ ಕೈ ಒರೆಸಿದಳು.

"ದೂಡು ಮಾರಾಯ."

ಅಭ್ಯಾಸ ನೋಡಿ, ಬಾಯಿ ತಾನಾಗಿ ತೆರೆದು 'ತೂ' ಎನ್ನುವವರೆಗೆ ಬಂತು. ಅಕ್ಕ ತಿರುಗಿ ಹುಬ್ಬೇರಿಸಿದಳು. ನಾನು ಬಾಯಿ ಮುಚ್ಚಿ ದೂಡಿದೆ.