ಹಾಲಿನ ಗಂಗರತ್ನಮ್ಮನ ಮಗಳು

ಮುಳಬಾಗಿಲಿನಿಂದ ತಾಯಲೂರು ರಸ್ತೆ ಹಿಡಿದರೆ ಎಡಕ್ಕೆ ನಮ್ಮ ಬಡಾವಣೆ. ಕಮಾನಿನ ಮೇಲೆ ದೊಡ್ಡದೊಂದು ದೇವರ ಹೆಸರಿದೆ, ಆಟೋದವರು ಮಾತ್ರ ಇವತ್ತಿಗೂ ಹುಣಸೆತೋಪು ಅಂತಲೇ ಕರೆಯುತ್ತಾರೆ. ಹುಡುಕಿದರೂ ಇಲ್ಲಿ ಒಂದು ಹುಣಸೆಮರ ಸಿಗುವುದಿಲ್ಲ. ಇರುವುದು ಆರು ಅಡ್ಡರಸ್ತೆ, ಒಂದು ಪಾರ್ಕು, ಒಂದು ಸಂಘ. ಸಂಘದ ಸಭೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಹದಿನೆಂಟು ವರ್ಷದಿಂದ ನಾನೂ ಅಲ್ಲಿ ಎಳೆದಾಡಿದವಳೇ. ಮೂವತ್ತು ವರ್ಷ ಸ್ಕೂಲಿನಲ್ಲಿ ಕೂಗಿದ ಗಂಟಲು ಸುಮ್ಮನಿರು ಅಂದರೆ ಇರುತ್ತದೆಯೇ?

ಬಡಾವಣೆಯ ಒಳಗುಟ್ಟೆಲ್ಲ ಬಲ್ಲವಳು ಗಂಗರತ್ನಮ್ಮ. ಎರಡು ಸೀಮೆಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಮನೆಮನೆಗೆ ಹಾಲು ಹಾಕುತ್ತಾಳೆ. ಯಾರ ಮನೆಗೆ ನೆಂಟರು ಬಂದು ಹದಿನೈದು ದಿನವಾದರೂ ಹೊರಟಿಲ್ಲ, ಯಾರ ಮನೆಯಲ್ಲಿ ಅತ್ತೆ ಸೊಸೆ ಬೇರೆ ಬೇರೆ ಹಾಲು ತಗೊಳ್ಳುತ್ತಾರೆ, ಎಲ್ಲ ಅವಳ ಪಾತ್ರೆಗೆ ಗೊತ್ತು. ನಾನು ಎಷ್ಟು ಕೆದಕಿದರೂ ಒಂದು ಮಾತು ಉದುರಿಸಿದವಳಲ್ಲ.

ನಾವೆಲ್ಲ ಸೈಟು ಕೊಂಡು ಬಂದವರು, ಅವಳು ಇಲ್ಲಿಗೇ ಸೊಸೆಯಾಗಿ ಬಂದವಳು. ಈ ನೆಲ ಅವಳ ಗಂಡ ಸುಬ್ಬರಾಯಪ್ಪ ಮತ್ತು ಅವನ ಅಣ್ಣಂದಿರದು. ನನ್ನ ಅಡಿಗೆಮನೆ ಇರುವ ಜಾಗದಲ್ಲಿ ಅವಳು ರಾಗಿ ಕಳೆ ಕಿತ್ತಿದ್ದಾಳೆ. ಅಣ್ಣಂದಿರು ಜಮೀನನ್ನು ಲೇಔಟಿನವರಿಗೆ ಕೊಡಲು ಒಪ್ಪಿದಾಗ ತಮ್ಮನೂ ಸಹಿ ಹಾಕಿದ. ಮೂಲೆಯಲ್ಲೊಂದು ಸೈಟು ಬಂತು. ಅದರಲ್ಲೇ ಈಗ ಅವರ ಮನೆ, ಕೊಟ್ಟಿಗೆ.

ಅದಕ್ಕೆ ಮೂರು ವರ್ಷ ಮೊದಲು ಅವಳ ಮೊದಲ ಮಗಳು ಶ್ವೇತ ಜ್ವರದಲ್ಲಿ ತೀರಿಕೊಂಡಿದ್ದಳು. ಆಗಿನ್ನೂ ಮೂರು ತುಂಬಿರಲಿಲ್ಲ. ಅವರ ಕಡೆ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ಪದ್ಧತಿ. ಮಗುವನ್ನೂ ಹೊಲದ ಬದುವಿನ ಪಕ್ಕ ಮಲಗಿಸಿ, ಮೂರು ಕಲ್ಲು ಇಟ್ಟಿದ್ದರು. ಕಾಲಿನ ಬೆಳ್ಳಿ ಗೆಜ್ಜೆಯನ್ನು ಬಿಚ್ಚಲು ತಾಯಿ ಬಿಡಲಿಲ್ಲವಂತೆ.

ಲೇಔಟು ಆದಮೇಲೆ ಆ ಜಾಗ ಪಾರ್ಕಿಗೆ ಬಂತು, ಪಾರ್ಕಿನ ಮೂಲೆಯ ಹೊಂಗೆಮರದ ಬುಡವೇ ಅದು ಎಂದು ಬಡಾವಣೆಗೆಲ್ಲ ಗೊತ್ತಿತ್ತು. ಪ್ರತಿ ವರ್ಷ ಮಾರ್ನಮಿ ಅಮಾವಾಸ್ಯೆಗೆ ಗಂಡ ಹೆಂಡತಿ ಬಂದು ಬುಡ ಸಾರಿಸಿ, ಎಲೆ ಹಾಕಿ ಎಡೆ ಇಡುತ್ತಿದ್ದರು. ಎಡೆಯಲ್ಲಿ ಒಬ್ಬಟ್ಟಿನ ಪಕ್ಕ ಬೇಕರಿಯ ಒಂದು ಬನ್ನು. ಅದು ಶ್ವೇತಳಿಗೆ ಇಷ್ಟವಂತೆ. ಸುಬ್ಬರಾಯಪ್ಪ ಕಾಯಿ ಒಡೆದು, ಕರ್ಪೂರ ಹಚ್ಚಿ, ಅಡ್ಡಬೀಳುತ್ತಿದ್ದ.

ಹೊಸದರಲ್ಲಿ ನಾವು ಅದಕ್ಕೂ ತಕರಾರು ತೆಗೆದೆವು. ಮಕ್ಕಳು ಆಡುವ ಜಾಗದಲ್ಲಿ ಸಮಾಧಿ ಪೂಜೆ ಏನು ಅಂತ ಸಂಘಕ್ಕೆ ಅರ್ಜಿ ಹೋಯಿತು. ಬರೆದವಳು ನಾನು. ಅಕ್ಷರ ದುಂಡಗಿದೆ ಅಂತ ಎಲ್ಲರೂ ಹೊಗಳಿದ್ದರು. ಅರ್ಜಿ ಬಿದ್ದ ಮರುದಿನವೂ ಗಂಗರತ್ನಮ್ಮ ನನ್ನ ಮನೆಗೆ ಬಂದು, ಅಳತೆಯ ಮೇಲೆ ಒಂದು ತೊಟ್ಟು ಹೆಚ್ಚಿಗೆ ಹಾಲು ಸುರಿದು ಹೋದಳು. ಅರ್ಜಿಯನ್ನು ನಾನೇ ವಾಪಸ್ಸು ತಗೊಂಡೆ. ವರ್ಷಗಳು ಕಳೆದ ಹಾಗೆ, ವಾಕಿಂಗ್ ಹೋಗುವವರು ಹೊಂಗೆಮರದ ಹತ್ತಿರ ತಾವಾಗಿಯೇ ಸುತ್ತು ಬಳಸಿ ನಡೆಯತೊಡಗಿದರು.

ಹೋದ ವರ್ಷ ಪಾರ್ಕಿನ ಅದೇ ಮೂಲೆಯಲ್ಲಿ ನೀರಿನ ದೊಡ್ಡ ಸಂಪು ತೋಡುವುದೆಂದು ತೀರ್ಮಾನವಾಯಿತು. ಬೇರೆ ಕಡೆ ಬಂಡೆ. ಸಂಘದ ಅಧ್ಯಕ್ಷ ಭೀಮರಾಜ್ ಸಭೆಯಲ್ಲಿ ಇದನ್ನು ಹೇಳುವಾಗ ಗಂಗರತ್ನಮ್ಮನ ಮುಖ ನೋಡಲಿಲ್ಲ. ಅವಳು ಮೊದಲ ಸಲ ಸಭೆಗೆ ಬಂದು ಬಾಗಿಲ ಹತ್ತಿರ ನಿಂತಿದ್ದಳು. ಜಗಳ ಆಡುತ್ತಾಳೆ ಅಂದುಕೊಂಡೆ, ಆಡಲಿ ಅಂತಲೂ ಅಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: ಜೆಸಿಬಿ ಬರುವ ಮೊದಲು ಒಂದು ಬೆಳಿಗ್ಗೆ ಬಿಟ್ಟುಕೊಡಿ, ಮಗಳನ್ನು ಕೈಯಿಂದ ಎತ್ತಿಕೊಳ್ಳುತ್ತೇನೆ. ಆವನಿ ಊರಿನ ಹತ್ತಿರ ಅವಳ ತಮ್ಮನ ಹೊಲವಿತ್ತು. ಅಲ್ಲಿ ಮಲಗಿಸುವುದಕ್ಕೆ ತಮ್ಮ ಒಪ್ಪಿದ್ದ.

ಸುಬ್ಬರಾಯಪ್ಪನಿಗೆ ಮಾತ್ರ ಇದು ಸುತರಾಂ ಬೇಡವಾಗಿತ್ತು. ಮಲಗಿದ ಮಗುವನ್ನು ಕೆದಕಬಾರದು, ಸಂಪು ಬಂದರೆ ಬರಲಿ, ನೀರು ಅಂದರೆ ಗಂಗಮ್ಮನೇ ಅಲ್ಲವೇ ಅಂದನಂತೆ. ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಗಂಡಸು ಅಳುವುದು ಹೀಗೇ ಅಂದುಕೊಂಡು ಅವಳು ಅವನಿಗೆ ಬಲವಂತ ಮಾಡಿ ಮುದ್ದೆ ತಿನ್ನಿಸಿದಳು.

ಸಂಘ ಬಿಟ್ಟುಕೊಟ್ಟ ಬೆಳಿಗ್ಗೆ ಅವಳು ಹೊಸ ಮಡಕೆ, ಅರಿಶಿನದಲ್ಲಿ ಅದ್ದಿದ ಬಿಳಿ ಬಟ್ಟೆ ತಂದಿದ್ದಳು. ನಾವು ಏಳೆಂಟು ಜನ ಸುತ್ತ ನಿಂತಿದ್ದೆವು. ಅಗೆಯುವವನು ಕದಿರೇಶ, ಅವರ ದೂರದ ನೆಂಟ. ಮೂರಡಿ ಹೋಯಿತು, ನಾಲ್ಕಾಯಿತು. ಬೇರು ಬಂತು, ಹಂಚಿನ ಚೂರು ಬಂತು. ಅವಳು ಹಳ್ಳದ ಅಂಚಲ್ಲಿ ಕೂತು ಪ್ರತಿ ಹಿಡಿ ಮಣ್ಣನ್ನೂ ಬೆರಳಲ್ಲಿ ಪುಡಿಮಾಡಿ ನೋಡುತ್ತಿದ್ದಳು. ಈ ಕಡೆ ಅಗೆಯಪ್ಪ, ಆ ಕಡೆ ಅಗೆಯಪ್ಪ ಅನ್ನುತ್ತಿದ್ದಳು. ಐದಡಿಗೆ ಗಟ್ಟಿ ಜೇಡಿ ಸಿಕ್ಕಿತು. ಕದಿರೇಶ ಗುದ್ದಲಿ ಇಟ್ಟು, ಈ ಮಣ್ಣನ್ನು ಯಾವತ್ತೂ ಯಾರೂ ಮುಟ್ಟಿಲ್ಲ ಅಂದ. ಗೆಜ್ಜೆನಾದರೂ ಸಿಗಬೇಕಲ್ಲಪ್ಪ ಅಂದಳು ಅವಳು. ಬೆಳ್ಳಿ ಕರಗುತ್ತಾ ಅಂತ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದಳು.

ಆಗ ಸುಬ್ಬರಾಯಪ್ಪ ಕೆಳಗೆ ಕುಸಿದು ಕೂತ. ಹೊರಗಡೆ ಕನ್ನಡವಾದರೂ ಅವರ ಮನೆಮಾತು ತೆಲುಗು. "ಲೇದೇ ರತ್ನಾ," ಅಂದ. "ಪಾಪ ಇಕ್ಕಡ ಲೇದು."

ಮಗು ಇಲ್ಲಿಲ್ಲ. ಇಲ್ಲಿ ಎಂದೂ ಇರಲಿಲ್ಲ.

ಲೇಔಟಿನವರು ನೆಲ ಸಮ ಮಾಡಿದ ವಾರ ಅವಳು ಬಾಣಂತನಕ್ಕೆ ತವರಲ್ಲಿದ್ದಳಂತೆ. ಮಗ ನಂದೀಶ್ ಹುಟ್ಟಿ ಮೂರು ವಾರ. ಸಮಾಧಿಯ ಸುತ್ತ ಬಿಡುತ್ತೇವೆ ಅಂದಿದ್ದವರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಯಂತ್ರ ಇಳಿಸಿದರು. ಇವನು ಓಡಿ ಬರುವಷ್ಟರಲ್ಲಿ ಬದು ಇಲ್ಲ, ಕಲ್ಲಿಲ್ಲ. ಅಲ್ಲಿಯ ಮಣ್ಣನ್ನು ಟ್ರ್ಯಾಕ್ಟರುಗಳಲ್ಲಿ ತುಂಬಿ ತಗ್ಗಿದ್ದ ಕಡೆಗೆಲ್ಲ ಸುರಿದಾಗಿತ್ತು. ಯಾವ ಟ್ರ್ಯಾಕ್ಟರು, ಯಾವ ಸೈಟು? ಸಂಜೆಯವರೆಗೂ ಒಂದೊಂದು ಗುಡ್ಡೆಯನ್ನೂ ಕೈಯಲ್ಲಿ ಕೆದರಿದನಂತೆ.

"ಹಸಿ ಬಾಣಂತಿ ಇವಳು," ಅಂತ ನಮ್ಮ ಕಡೆ ತಿರುಗಿ ಹೇಳಿದ. "ಹೇಳಿದ್ರೆ ಎದೇಲಿ ಹಾಲು ಬತ್ತೋಗ್ತಿತ್ತು. ಇನ್ನೊಂದು ಕೂಸು ಕೈಯಲ್ಲಿತ್ತಲ್ಲ. ಅದಕ್ಕೇ ಈ ಗಿಡ ತೋರ್ಸ್ಬಿಟ್ಟೆ."

ಒಂದು ವಾರಕ್ಕೆ ಅಂತ ಹೇಳಿದ ಸುಳ್ಳು ಇಪ್ಪತ್ತು ವರ್ಷ ಎಡೆ ಉಂಡಿತು. ಯಾರೂ ಇಲ್ಲದ ಮರದ ಬುಡಕ್ಕೆ ಅವನು ವರ್ಷ ವರ್ಷ ಅಡ್ಡಬಿದ್ದದ್ದನ್ನು ನೆನೆದರೆ ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಅವಳೂ ಬಯ್ಯಲಿಲ್ಲ. ಖಾಲಿ ಮಡಕೆ ಎತ್ತಿಕೊಂಡು, ಅವನ ರಟ್ಟೆ ಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದಳು. ಸಂಜೆ ಎಂದಿನ ಹೊತ್ತಿಗೆ ಹಾಲು ಬಂತು.

ನನ್ನ ನಿದ್ದೆ ಹಾರಿಹೋಯಿತು. ನಾವು ಸೈಟು ನೋಡಲು ಬಂದಾಗ ಅದು ಒಳ್ಳೆ ಕೆಮ್ಮಣ್ಣು ತುಂಬಿ ಎತ್ತರವಾಗಿತ್ತು. ಮಣ್ಣು ಹೊಡೆಸುವ ಕೆಲಸ ಉಳಿಯಿತು ಅಂತ ನಾನೂ ನಮ್ಮ ಯಜಮಾನರೂ ಖುಷಿಪಟ್ಟಿದ್ದೆವು. ಆ ಮಣ್ಣಿನ ಮೇಲೆ ಮಲ್ಲಿಗೆ ಹಾಕಿದೆ, ಬಟ್ಟೆ ಒಗೆಯುವ ಕಲ್ಲು ಹಾಕಿಸಿದೆ. ಈಗ ಆ ಕಲ್ಲಿನ ಮೇಲೆ ಬಟ್ಟೆ ಕುಕ್ಕಲು ನನ್ನ ಕೈ ಏಳುವುದಿಲ್ಲ.

ಸಂಪು ಆಯಿತು. ನೀರು ಚೆನ್ನಾಗಿ ಬರುತ್ತಿದೆ. ಈ ಬೇಸಿಗೆಯಲ್ಲಿ ಒಂದು ಸಂಜೆ, ಬಿಸಿಲು ಇಳಿಯುವ ಮೊದಲೇ, ಗಂಗರತ್ನಮ್ಮ ಬರಿಗಾಲಲ್ಲಿ ಡಾಂಬರು ರಸ್ತೆ ಮೇಲೆ ಬರುತ್ತಿದ್ದಳು. ಚಪ್ಪಲಿ ಕಿತ್ತುಹೋಗಿರಬೇಕು ಅಂತ ನಾನು ನನ್ನದೊಂದು ಜೊತೆ ತಂದು ಮುಂದೆ ಇಟ್ಟೆ. ಬೇಡ, ಮನೆಯಲ್ಲಿ ಚೆನ್ನಾಗಿರೋದೇ ಇದೆ ಅಂದಳು. ಕಮಾನು ದಾಟಿ ಆಚೆಗೆ ಹೋದರೆ ಮೆಟ್ಟುತ್ತಾಳಂತೆ, ಬಡಾವಣೆಯ ಒಳಗೆ ಮಾತ್ರ ಇಲ್ಲವಂತೆ. ನಾನು ಎಂದಿನಂತೆ ಗದರಿದೆ, ಕಾಲು ಬೊಬ್ಬೆ ಬಂದು ಸಾಯ್ತೀಯ, ಆರೂ ಅಡ್ಡರಸ್ತೆ ಹೀಗೇ ಸುತ್ತುತ್ತೀಯಾ ಅಂದೆ.

ಅವಳು ಪಾತ್ರೆಗೆ ಹಾಲು ಅಳೆದು ಹಾಕಿ, ಮುಚ್ಚಳ ಮುಚ್ಚಿದಳು.

"ಯಾವ ಜಾಗ ಅಂತ ಗೊತ್ತಿದ್ರೆ ಅಲ್ಲೊಂದು ಕಡೆ ಚಪ್ಪಲಿ ಬಿಡ್ತಿದ್ದೆ, ಟೀಚರಮ್ಮ," ಅಂದಳು.